ಜೀಪಿಗೆ ಅಗಲದ ರಿಮ್: ಕೊಳ್ಳುವ ಮುನ್ನ ಡ್ರಮ್ ಅಳೆಯಿರಿ

ಕೊಡಗು, ಚಿಕ್ಕಮಗಳೂರಿನ ತೋಟಗಳಲ್ಲಿ ಹಳೆಯ ಜೀಪುಗಳು ಇನ್ನೂ ಗಟ್ಟಿಮುಟ್ಟಾಗಿ ದುಡಿಯುತ್ತಿವೆ. ಅವುಗಳ ಮೂಲ ಚಕ್ರ ಕಿರಿದು. 4.5 ಇಂಚು ಅಗಲದ, 16 ಇಂಚು ವ್ಯಾಸದ ರಿಮ್ಮು, ಅದರ ಮೇಲೆ 6.00-16 ಟೈರು. ಕೆಸರಿನಲ್ಲಿ ಹಿಡಿತ ಬೇಕು, ನೋಡಲೂ ಗತ್ತಾಗಿರಬೇಕು ಎಂದು 15×7 (15 ಇಂಚು ವ್ಯಾಸ, 7 ಇಂಚು ಅಗಲ) ರಿಮ್ ಹುಡುಕುವವರು ಬಹಳ. ಬೆಂಗಳೂರಿನ ಜೆ.ಸಿ. ರಸ್ತೆಗೋ ಗುಜರಿ ಅಂಗಡಿಗೋ ಹೋದರೆ ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ: ಎಷ್ಟು ಇಂಚು, ಎಷ್ಟು ಬೋಲ್ಟು? ‘ಕೂರುತ್ತೆ, ತಗೊಳ್ಳಿ ಸಾರ್’ ಎಂಬ ಮಾತು ನಂಬಿ ತಂದ ರಿಮ್ಮು, ಚಕ್ರದೊಳಗೆ ಕೂರುವ ಬ್ರೇಕ್ ಡ್ರಮ್ಮಿಗೆ ತಗುಲಿ ತಿರುಗದೆ ನಿಂತರೆ ದುಡ್ಡು ಹೋದಂತೆಯೇ. ಅಂಗಡಿಯಲ್ಲೇ ಕೇಳಬೇಕಾದ ಮೂರನೆಯ ಪ್ರಶ್ನೆ ಬ್ಯಾಕ್‌ಸ್ಪೇಸಿಂಗ್ ಎಷ್ಟು ಎಂಬುದು.

ರಿಮ್ ಅಳೆಯುವುದು

ರಿಮ್ಮಿನ ನಡುವಿನ ತಟ್ಟೆ ಹಬ್ಬಿಗೆ, ಅಂದರೆ ಚಕ್ರವನ್ನು ಬಿಗಿಯುವ ಅಚ್ಚಿನ ತುದಿಯ ಭಾಗಕ್ಕೆ, ಅಂಟಿ ಕೂರುವ ಜಾಗದಿಂದ, ಗಾಡಿಯ ಒಳಬದಿಗೆ ಬರುವ ರಿಮ್ಮಿನ ಅಂಚಿನವರೆಗೆ ಇರುವ ದೂರವೇ ಬ್ಯಾಕ್‌ಸ್ಪೇಸಿಂಗ್. ಟೈರಿಲ್ಲದ ರಿಮ್ಮನ್ನು ಮುಖ ಕೆಳಗಾಗಿ ನೆಲದ ಮೇಲಿಡಿ. ಮೇಲಕ್ಕೆ ಬಂದ ಒಳ ಅಂಚಿನ ಮೇಲೆ ನೇರವಾದ ಕಬ್ಬಿಣದ ಪಟ್ಟಿಯನ್ನು ಅಡ್ಡ ಇಟ್ಟು, ಅಲ್ಲಿಂದ ಹಬ್ ಕೂರುವ ಮುಖದವರೆಗೆ ಸ್ಕೇಲನ್ನು ನೆಟ್ಟಗೆ ಇಳಿಸಿ ಓದಿ. ಟೈರ್ ಇದ್ದರೆ ಅದರ ಉಬ್ಬಿನ ಮೇಲೆ ಪಟ್ಟಿ ಕೂತು ಲೆಕ್ಕ ಹೆಚ್ಚಾಗಿ ಬರುತ್ತದೆ. ರಿಮ್ಮಿನ ಅಂಚನ್ನೇ ನೋಡಿ ಅಳೆಯಿರಿ.

ರಿಮ್ಮಿನ ಮೇಲೆ ಬ್ಯಾಕ್‌ಸ್ಪೇಸಿಂಗ್ ಬರೆದಿರುವುದು ಅಪರೂಪ. ಇಟಿ (ET) ಎಂಬ ಗುರುತಿನ ಪಕ್ಕ ಮಿಲಿಮೀಟರಿನಲ್ಲಿ ಆಫ್‌ಸೆಟ್ ಕೊಟ್ಟಿರುತ್ತಾರೆ. ರಿಮ್ಮಿನ ಅಗಲದ ನಟ್ಟನಡುವಿನಿಂದ ಹಬ್ ಕೂರುವ ಮುಖ ಎಷ್ಟು ಸರಿದಿದೆ ಎಂಬುದೇ ಆಫ್‌ಸೆಟ್; ಹೊರಕ್ಕೆ ಸರಿದರೆ ಪ್ಲಸ್, ಒಳಕ್ಕೆ ಸರಿದರೆ ಮೈನಸ್. ಅದರಿಂದ ಲೆಕ್ಕ ಹಾಕಬಹುದು. 7 ಇಂಚಿನ ರಿಮ್ ಎಂದರೆ ಟೈರ್ ಕೂರುವ ಜಾಗವಷ್ಟೇ 7 ಇಂಚು. ಎರಡೂ ಅಂಚು ಸೇರಿ ಒಟ್ಟು ಅಗಲ ಸುಮಾರು 8. ಅದರ ಅರ್ಧ 4. ಆಫ್‌ಸೆಟ್ ಸೊನ್ನೆಯಾದರೆ ಬ್ಯಾಕ್‌ಸ್ಪೇಸಿಂಗ್ 4 ಇಂಚು; ಇಟಿ 25 ಆದರೆ ಹತ್ತಿರ ಹತ್ತಿರ 5; ಮೈನಸ್ 12 ಆದರೆ ಮೂರೂವರೆ.

ಇನ್ನು ಬೋಲ್ಟುಗಳ ವಿಷಯ. ಜೀಪು ಮತ್ತು ಮಾರುತಿ ಜಿಪ್ಸಿ ಎರಡಕ್ಕೂ 139.7 ಮಿ.ಮೀ. ವೃತ್ತದಲ್ಲಿ ಐದು ಬೋಲ್ಟು. ಅಕ್ಕಪಕ್ಕದ ಎರಡು ಬೋಲ್ಟುಗಳ ನಡುಮಧ್ಯದ ಅಂತರ ಸುಮಾರು 82 ಮಿ.ಮೀ. ಬಂದರೆ ಅದೇ ಅಳತೆ. ಆದರೆ ಬೋಲ್ಟು ಹೊಂದಿತೆಂದ ಮಾತ್ರಕ್ಕೆ ಬ್ಯಾಕ್‌ಸ್ಪೇಸಿಂಗೂ ಹೊಂದುತ್ತದೆ ಎಂದುಕೊಳ್ಳಬೇಡಿ.

ಡ್ರಮ್ಮಿನ ನಿಜವಾದ ಗಾತ್ರ

ಬಹಳ ಮಂದಿ ಎಡವುವುದು ಇಲ್ಲೇ. ಹಳೆಯ ವಿಲ್ಲಿಸ್ ಕಂಪನಿಯ ಕಾಲದ ಜೀಪುಗಳ ಡ್ರಮ್ 9 ಇಂಚಿನದು. ಬ್ರೇಕ್ ಚೆನ್ನಾಗಿ ಹಿಡಿಯಲೆಂದು 11 ಇಂಚಿನದನ್ನು ಹಾಕಿಸಿಕೊಂಡವರೂ ಇದ್ದಾರೆ. ಆದರೆ 11 ಎಂಬುದು ಬ್ರೇಕ್ ಶೂ ಉಜ್ಜುವ ಒಳಮೈಯ ವ್ಯಾಸ. ಹೊರಗಿನಿಂದ ಅಳೆದರೆ ಗೋಡೆಯ ದಪ್ಪ, ಏಣುಗಳು, ಬಾಯಂಚಿನ ಪಟ್ಟಿ ಎಲ್ಲ ಸೇರಿ ಡ್ರಮ್ ಇನ್ನೂ ದೊಡ್ಡದು.

ರಿಮ್ಮಿನ 15 ಇಂಚೂ ಹೀಗೆಯೇ. ಅದು ಟೈರಿನ ಅಂಚು ಕೂರುವ ಜಾಗದ ವ್ಯಾಸ. ಟೈರ್ ಏರಿಸಲು ಅನುಕೂಲವಾಗಲೆಂದು ರಿಮ್ಮಿನ ನಡುವೆ ಒಂದು ತಗ್ಗು ಇರುತ್ತದಲ್ಲ, ಒಳಗಿನಿಂದ ನೋಡಿದರೆ ಅತಿ ಇಕ್ಕಟ್ಟಿನ ಜಾಗ ಅದೇ. ಆ ತಗ್ಗು ಡ್ರಮ್ಮಿನ ಮೇಲೆ ಎಲ್ಲಿ ಬಂದು ನಿಲ್ಲುತ್ತದೆ ಎಂಬುದನ್ನು ನಿರ್ಧರಿಸುವುದು ಬ್ಯಾಕ್‌ಸ್ಪೇಸಿಂಗ್. ಆದ್ದರಿಂದ ಚಕ್ರ ಬಿಚ್ಚಿ ಮೂರು ಅಳತೆ ಬರೆದುಕೊಳ್ಳಿ: ಡ್ರಮ್ಮಿನ ಹೊರವ್ಯಾಸ, ಚಕ್ರ ಕೂರುವ ಮುಖದಿಂದ ಡ್ರಮ್ಮಿನ ಹಿಂದಿನ ಅಂಚಿನವರೆಗಿನ ಆಳ, ಮತ್ತು ಡ್ರಮ್ಮಿನ ಭುಜ, ಅಂದರೆ ಮುಂದಿನ ಮುಖ ಪಕ್ಕದ ಗೋಡೆಗೆ ಬಾಗುವ ತಿರುವು, ಎಲ್ಲಿ ಶುರುವಾಗುತ್ತದೆ ಎಂಬುದು. ರಿಮ್ಮಿನ ತಟ್ಟೆ ಬಾಗುವ ಕಡೆ ಆ ಭುಜ ತಾಗುವುದುಂಟು. ಆಗ ಚಕ್ರ ಹಬ್ಬಿಗೆ ಪೂರ್ತಿ ಒರಗದೆ, ನಟ್ ಬಿಗಿಯಾದಂತೆ ಕಂಡರೂ ಓಡಾಟದಲ್ಲಿ ಸಡಿಲವಾಗುತ್ತದೆ. ಇದು ಜೀವಕ್ಕೇ ಅಪಾಯ.

ಹಿಟ್ಟಿನ ಪರೀಕ್ಷೆ

ಲೆಕ್ಕ ಎಷ್ಟೇ ಸರಿ ಬಂದರೂ ಕೂರಿಸಿ ನೋಡದೆ ಹಣ ಕೊಡಬೇಡಿ. ಒಂದೇ ಒಂದು ರಿಮ್ಮನ್ನು, ಟೈರಿಲ್ಲದೆ, ಪರೀಕ್ಷೆಗೆ ಕೇಳಿ ಪಡೆಯಿರಿ. ಗಾಡಿ ಸಮತಟ್ಟು ಜಾಗದಲ್ಲಿರಲಿ, ಉಳಿದ ಚಕ್ರಗಳಿಗೆ ಕಲ್ಲು ಕೊಡಿ, ಜಾಕಿನ ಜೊತೆ ಸ್ಟ್ಯಾಂಡೂ ಇರಲಿ. ಚಪಾತಿ ಹಿಟ್ಟನ್ನು ಸ್ವಲ್ಪ ಗಟ್ಟಿಯಾಗಿ ಕಲಸಿ, ಗೋಲಿ ಗಾತ್ರದ ಉಂಡೆಗಳನ್ನು ಡ್ರಮ್ಮಿನ ಭುಜ, ನಡು, ಹಿಂದಿನ ಅಂಚು ಮೂರೂ ಕಡೆ ಅಂಟಿಸಿ. ಉಂಡೆಯ ನೆತ್ತಿಗೆ ಚೂರು ಎಣ್ಣೆ ಸವರಿದರೆ ರಿಮ್ಮಿಗೆ ಮೆತ್ತಿಕೊಳ್ಳುವುದಿಲ್ಲ. ರಿಮ್ಮನ್ನು ನೇರವಾಗಿ ತಳ್ಳಿ ಕೂರಿಸಿ, ಐದೂ ನಟ್ಟನ್ನು ಎದುರುಬದುರಾಗಿ ಬಿಗಿಯಿರಿ, ಬಳಿಕ ಬಿಚ್ಚಿ. ಚಪ್ಪಟೆಯಾದ ಉಂಡೆಯನ್ನು ಬ್ಲೇಡಿನಿಂದ ಸೀಳಿ ದಪ್ಪ ಅಳೆದರೆ ಸಿಗುವುದೇ ಅಲ್ಲಿರುವ ಸಂದು.

3 ಮಿ.ಮೀ. ಸಾಕು ಎನ್ನುವವರಿದ್ದಾರೆ. ಡಾಂಬರು ರಸ್ತೆಗೆ ಇರಬಹುದು. ಮಲೆನಾಡಿನ ಜಂಬಿಟ್ಟಿಗೆ ಮಣ್ಣು, ಸಣ್ಣ ಜಲ್ಲಿ ಸಂದಿನಲ್ಲಿ ಸಿಕ್ಕಿಕೊಂಡು ರಿಮ್ಮನ್ನು ಒಳಗಿನಿಂದ ಕೊರೆಯುತ್ತವೆ. ಘಾಟಿ ಇಳಿಯುವಾಗ ಡ್ರಮ್ ಕಾದು ಹಿಗ್ಗುವುದೂ ಉಂಟು. ತೋಟದ ಗಾಡಿಗೆ 6 ಮಿ.ಮೀ.ಗಿಂತ ಕಡಿಮೆ ಬಿಡಬಾರದೆಂದೇ ನನ್ನ ಅಭಿಪ್ರಾಯ. ಬ್ಯಾಲೆನ್ಸಿಂಗ್ ಸೀಸವನ್ನು ಒಳಗೆ ಅಂಟಿಸುವುದಾದರೆ ಅದರ ದಪ್ಪವನ್ನೂ ಕಳೆಯಿರಿ.

ಕೆಲವರು ಸಂದು ಸಾಲದಿದ್ದರೆ ಡ್ರಮ್ಮಿನ ಹೊರ ಏಣುಗಳನ್ನು ಲೇಥಿನಲ್ಲಿ ಕೆತ್ತಿಸುತ್ತಾರೆ. ದಯವಿಟ್ಟು ಬೇಡ. ಡ್ರಮ್ಮಿಗೆ ಬಲ ಕೊಡುವುದೂ ಶಾಖ ಹೊರಹಾಕುವುದೂ ಅವೇ.

ಒಳಗೂ ಹೊರಗೂ

ಡ್ರಮ್ ದಾಟಿದರೆ ಕೆಲಸ ಮುಗಿಯಲಿಲ್ಲ. ಹಳೆಯ ರಿಮ್ಮಿನ ಬ್ಯಾಕ್‌ಸ್ಪೇಸಿಂಗ್ ಮೂರೂವರೆ ಇಂಚು ಎಂದಿಟ್ಟುಕೊಳ್ಳಿ. ಹೊಸ 7 ಇಂಚಿನ ರಿಮ್ಮಿನದೂ ಅಷ್ಟೇ ಇದ್ದರೆ ಒಳಬದಿ ಇದ್ದಲ್ಲೇ ಇರುತ್ತದೆ, ಹೆಚ್ಚಿದ ಎರಡೂವರೆ ಇಂಚು ಪೂರಾ ಹೊರಗೆ ಬರುತ್ತದೆ. ಸ್ಟೇರಿಂಗ್ ಭಾರವಾಗುತ್ತದೆ, ಹಬ್ ಬೇರಿಂಗಿನ ಮೇಲೆ ಹೊರೆ ಹೆಚ್ಚುತ್ತದೆ, ಕೆಸರು ಮಡ್‌ಗಾರ್ಡ್ ದಾಟಿ ಬಾಗಿಲಿಗೆ ಎರಚುತ್ತದೆ. ನಾಲ್ಕೂವರೆ ಇದ್ದರೆ ಹೊರಗೆ ಬರುವುದು ಒಂದೂವರೆ ಇಂಚು ಮಾತ್ರ, ಆದರೆ ಒಳಗೆ ಒಂದು ಇಂಚು ನುಗ್ಗುತ್ತದೆ. ಅಲ್ಲಿ ಸ್ಟೇರಿಂಗಿನ ಟೈ ರಾಡ್ ತುದಿ, ಸ್ಪ್ರಿಂಗ್ ಪಟ್ಟಿಗಳು ಇವೆ. ಟೈರ್ ಹಾಕಿದ ಮೇಲೆ ಸ್ಟೇರಿಂಗನ್ನು ಎರಡೂ ಕೊನೆಗೆ ತಿರುಗಿಸಿ, ಕೈಯಿಂದಲೇ ಚಕ್ರ ಸುತ್ತಿಸಿ ನೋಡಿ. ಫೋರ್‌ವೀಲ್ ಡ್ರೈವ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ) ಗಾಡಿಯಾದರೆ ಮುಂದಿನ ಹಬ್ಬಿನ ಮೂತಿ ರಿಮ್ಮಿನ ನಡುತೂತಿನಲ್ಲಿ ಸಲೀಸಾಗಿ ತೂರಬೇಕು.

ಬ್ಯಾಕ್‌ಸ್ಪೇಸಿಂಗ್ ಹೆಚ್ಚಾಯಿತೆಂದು ಹಬ್ಬಿಗೂ ರಿಮ್ಮಿಗೂ ನಡುವೆ ಸ್ಪೇಸರ್ ಬಿಲ್ಲೆ ಕೊಡುವ ಬದಲು ಸರಿಯಾದ ರಿಮ್ಮನ್ನೇ ಹುಡುಕಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಮಾರ್ಪಾಟನ್ನು ಒಪ್ಪುವುದಿಲ್ಲ. ಅಗಲ ಬದಲಿಸುವ ಮುನ್ನ ಆರ್‌ಟಿಒದಲ್ಲಿ ವಿಚಾರಿಸಿ.

ಹಾಕಿಸಿ 50 ಕಿ.ಮೀ. ಓಡಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಿರಿ. ಒಂದು ಚಕ್ರ ಬಿಚ್ಚಿ ಒಳಮೈಯಲ್ಲಿ ಉಜ್ಜಿ ಹೊಳೆಯುವ ಗೆರೆ ಬಿದ್ದಿದೆಯೇ ನೋಡಿ. ಬಿದ್ದಿದ್ದರೆ ಹಳೆಯ ರಿಮ್ಮನ್ನೇ ವಾಪಸು ಹಾಕಿಸಿ, ಹೊಸದನ್ನು ಅಂಗಡಿಗೆ ಮರಳಿಸಿ.