ಬೆಳ್ಳಿ ಕವರಿಗೂ ಕಲಾಯಿ ಬೇಕು

ಸಾಗರದ ಹತ್ತಿರದ ಒಂದು ಹಳ್ಳಿಯಲ್ಲಿ ಉಪನಯನ. ಬೆಳಗಿನ ತಿಂಡಿಗೆ ಪುಳಿಯೋಗರೆ ಮಾಡಿಕೊಡಲು ಒಪ್ಪಿಕೊಂಡಿದ್ದೆ. ಹಿಂದಿನ ರಾತ್ರಿಯೇ ಕಲಸಿ, ಸ್ಟೀಲ್ ಡಬರಿಗೆ ತುಂಬಿ, ಮೇಲೆ ಅಲ್ಯೂಮಿನಿಯಂ ಫಾಯಿಲ್ ಹೊದಿಸಿ, ಅಂಚಿಗೆ ಬಿಗಿಯಾಗಿ ಒತ್ತಿ ಕಳಿಸಿದ್ದೆ. ಬೆಳಿಗ್ಗೆ ಬಿಚ್ಚಿದರೆ ಅನ್ನಕ್ಕೆ ತಾಗಿದ ಕಡೆಯಲ್ಲೆಲ್ಲ ಫಾಯಿಲ್‌ಗೆ ಸೂಜಿಯಲ್ಲಿ ಚುಚ್ಚಿದ ಹಾಗೆ ತೂತುಗಳು. ತೂತಿನ ಕೆಳಗೆ ಅನ್ನದ ಮೇಲೆ ಬೂದು ಬಣ್ಣದ ಕಲೆ. ಮೇಲಿನ ಪದರವನ್ನು ತೆಗೆದು ಚೆಲ್ಲಿದೆವು, ತಿಂಡಿ ಹೇಗೋ ಸಾಗಿತು. ಆದರೆ ಆ ಮನೆಯ ಯಜಮಾನರು ಪಕ್ಕಕ್ಕೆ ಕರೆದು, "ಅಮ್ಮಾ, ಇದು ವಿಷವಾ?" ಎಂದು ಕೇಳಿದಾಗ ನನ್ನ ಬಾಯಲ್ಲಿ ಉತ್ತರವಿರಲಿಲ್ಲ. ಅಡುಗೆ ಮಾಡಿ ಮಾರುವವಳಿಗೆ ಅದಕ್ಕಿಂತ ದೊಡ್ಡ ಸಂಕಟ ಬೇರೆ ಇಲ್ಲ.

ಸಾಂಬಾರ್ ಪುಡಿ, ಪುಳಿಯೋಗರೆ ಗೊಜ್ಜು, ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಇವು ನಮ್ಮ ಮನೆಯ ಕಸುಬು. ಅರ್ಧದಷ್ಟು ಬೆಂಗಳೂರಿಗೆ ಹೋಗುತ್ತದೆ, ಸ್ವಲ್ಪ ಹೊರದೇಶದಲ್ಲಿರುವ ಮಕ್ಕಳ ಸೂಟ್‌ಕೇಸು ಸೇರುತ್ತದೆ. ಆ ಉಪನಯನದ ನಂತರ ಅಲ್ಯೂಮಿನಿಯಂ ಬಗ್ಗೆ ಸಿಕ್ಕಿದವರನ್ನೆಲ್ಲ ಕೇಳಿದೆ: ಪೌಚ್ ಮಾರುವವರು, ಆಹಾರ ತಂತ್ರಜ್ಞಾನ ಓದಿದ ತಂಗಿಯ ಮಗಳು, ಗುಜರಿ ಅಂಗಡಿಯವರು. ಈಗ ಗಿರಾಕಿಗಳು ನನಗೆ ಅದೇ ಪ್ರಶ್ನೆಗಳನ್ನು ಕೇಳುತ್ತಾರೆ.

ಆ ತೂತುಗಳಿಂದಲೇ ಶುರುಮಾಡುತ್ತೇನೆ. ಅಲ್ಯೂಮಿನಿಯಂ ಗಾಳಿಗೆ ತೆರೆದುಕೊಂಡ ಕ್ಷಣವೇ ಅದರ ಮೈಮೇಲೆ ಆಕ್ಸೈಡಿನ ಒಂದು ಪೊರೆ ಕಟ್ಟುತ್ತದೆ. ಕಣ್ಣಿಗೆ ಕಾಣದಷ್ಟು ತೆಳು, ಆದರೆ ಗಟ್ಟಿ. ಕಬ್ಬಿಣದ ಹಾಗೆ ಅದು ತುಕ್ಕು ಹಿಡಿದು ಉದುರದೆ ಇರುವುದಕ್ಕೆ ಈ ಪೊರೆಯೇ ಕಾರಣ. ಹುಳಿಯಲ್ಲಿ ಈ ಪೊರೆ ಕರಗುತ್ತದೆ, ಸೋಡಾದಂಥ ಕ್ಷಾರದಲ್ಲೂ ಕರಗುತ್ತದೆ, ಉಪ್ಪು ಅದನ್ನು ಅಲ್ಲಲ್ಲಿ ಚುಚ್ಚಿ ಒಡೆಯುತ್ತದೆ. ಪುಳಿಯೋಗರೆಯಲ್ಲಿ ಹುಣಸೆಹುಳಿಯೂ ಇದೆ, ಉಪ್ಪೂ ಇದೆ. ಅದರ ಮೇಲೆ ನಾನು ಮಾಡಿದ ಇನ್ನೊಂದು ತಪ್ಪು ಸ್ಟೀಲ್ ಡಬರಿ. ಎರಡು ಬೇರೆ ಬೇರೆ ಲೋಹಗಳು ಒಂದನ್ನೊಂದು ಮುಟ್ಟಿಕೊಂಡು, ನಡುವೆ ಹುಳಿಯುಪ್ಪಿನ ತೇವ ಇದ್ದರೆ ಅದು ಬ್ಯಾಟರಿಯಂತೆ ಕೆಲಸ ಮಾಡುತ್ತದೆ. ಆ ಬ್ಯಾಟರಿಯಲ್ಲಿ ಸವೆಯುವುದು ಅಲ್ಯೂಮಿನಿಯಂ, ಸ್ಟೀಲಿಗೆ ಏನೂ ಆಗುವುದಿಲ್ಲ. ಇಡೀ ರಾತ್ರಿ ಆ ಡಬರಿಯಲ್ಲಿ ನಡೆದದ್ದು ಇದು. ಅನ್ನದ ಮೇಲಿನ ಬೂದು ಕಲೆ ಕರಗಿ ಬಂದ ಅಲ್ಯೂಮಿನಿಯಂನ ಲವಣ.

ಇದನ್ನು ಮನೆಯಲ್ಲಿ ಹೇಳಿದಾಗ ನಮ್ಮ ಅತ್ತೆ, "ಜರ್ಮನ್ ಪಾತ್ರೆಯಲ್ಲಿ ಹುಳಿ ಇಡಬಾರದು ಅಂತ ನಾನು ಎಷ್ಟು ಸಲ ಹೇಳಿಲ್ಲ?" ಎಂದರು. ಹೌದು, ಹೇಳಿದ್ದರು. ಅಲ್ಯೂಮಿನಿಯಂ ಪಾತ್ರೆಗೆ ಅವರ ಕಾಲದವರು ಜರ್ಮನ್ ಪಾತ್ರೆ ಎನ್ನುತ್ತಿದ್ದರು. ಅದರಲ್ಲಿ ಹಾಲು ಕಾಯಿಸುತ್ತಿದ್ದರು, ನೀರು ತುಂಬುತ್ತಿದ್ದರು. ಹುಳಿ, ತಂಬುಳಿ, ಗೊಜ್ಜು ಮಾತ್ರ ಕಲ್ಲುಮರಿಗೆಯಲ್ಲಿ ಅಥವಾ ಕಲಾಯಿ, ಅಂದರೆ ಒಳಗೆ ತವರದ ಲೇಪ, ಹಾಕಿದ ಹಿತ್ತಾಳೆಯಲ್ಲಿ. ಕಲಾಯಿಯವನು ಬರುವುದು ತಡವಾದರೆ ಹಿತ್ತಾಳೆ ಪಾತ್ರೆ ಅಟ್ಟ ಸೇರುತ್ತಿತ್ತು.

ಅತ್ತೆಯ ಆ ಮಾತು ನನಗೆ ಇಡೀ ವಿಷಯದ ಬೀಗದ ಕೈ ಆಯಿತು. ಹಿತ್ತಾಳೆಗೆ ಕಲಾಯಿ ಹೇಗೋ, ಈಗಿನ ಅಲ್ಯೂಮಿನಿಯಂ ಪ್ಯಾಕಿಂಗಿಗೆ ಒಳಪದರ ಹಾಗೆ. ತಂಪು ಪಾನೀಯದ ಕ್ಯಾನಿನಲ್ಲಿರುವುದು ಹುಳಿಯೇ, ಆದರೂ ಕ್ಯಾನ್ ತೂತಾಗುವುದಿಲ್ಲ. ಒಳಗೆ ಲ್ಯಾಕರ್ ಎಂಬ ತೆಳು ಲೇಪ ಬಳಿದಿರುತ್ತಾರೆ. ಟೆಟ್ರಾ ಪ್ಯಾಕಿನಲ್ಲಿ ಮುಕ್ಕಾಲು ಪಾಲಿನಷ್ಟು ರಟ್ಟು, ಉಳಿದದ್ದರಲ್ಲಿ ಹೆಚ್ಚಿನದು ಪಾಲಿಥಿನ್, ಅಲ್ಯೂಮಿನಿಯಂ ಶೇಕಡಾ 5ರ ಆಸುಪಾಸು. ಹಣ್ಣಿನ ರಸಕ್ಕೆ ತಾಗುವುದು ಪಾಲಿಥಿನ್. ನಾನು ಕೊಳ್ಳುವ ಫಾಯಿಲ್ ಪೌಚಿನಲ್ಲೂ ಹೊರಗೆ ಪಾಲಿಯೆಸ್ಟರ್, ನಡುವೆ ಅಲ್ಯೂಮಿನಿಯಂ, ಒಳಗೆ ಪಾಲಿಥಿನ್. ಗೊಜ್ಜು ಅಲ್ಯೂಮಿನಿಯಂ ಅನ್ನು ಮುಟ್ಟುವುದೇ ಇಲ್ಲ. ಗಾಳಿ, ಬೆಳಕು, ತೇವ ಇವನ್ನು ತಡೆಯುವ ಗೋಡೆ ಅಲ್ಯೂಮಿನಿಯಂ, ಊಟಕ್ಕೆ ತಾಗುವ ಕಲಾಯಿ ಪ್ಲಾಸ್ಟಿಕ್.

ಕಲಾಯಿ ಇಲ್ಲದ ಅಲ್ಯೂಮಿನಿಯಂ ಅಂದರೆ ಅಡುಗೆಮನೆಯ ಫಾಯಿಲ್ ಸುರುಳಿ ಮತ್ತು ಹೋಟೆಲಿನಿಂದ ಪಾರ್ಸೆಲ್ ಬರುವ ಬೆಳ್ಳಿ ಡಬ್ಬಿ. 2016ರಲ್ಲಿ ರಾಜ್ಯದಲ್ಲಿ ಪ್ಲಾಸ್ಟಿಕ್ ನಿಷೇಧ ಬಂದ ನಂತರ ನಾನೂ ಪ್ಲಾಸ್ಟಿಕ್ ಡಬ್ಬಿ ಬಿಟ್ಟು ಇವನ್ನೇ ಹಿಡಿದೆ. ಚಪಾತಿ, ಇಡ್ಲಿ, ಹೋಳಿಗೆ, ಪಲ್ಯಕ್ಕೆ ಇದು ಚೆನ್ನ. ಹುಳಿ ಅನ್ನ, ಟೊಮೆಟೊ ಗೊಜ್ಜು, ಉಪ್ಪಿನಕಾಯಿಗೆ ಬೇಡ. ಗಂಟೆಯೊಳಗೆ ತಿಂದು ಮುಗಿಸುವುದಾದರೆ ಗಾಬರಿ ಬೇಡ, ರಾತ್ರಿಯಿಡೀ ಇಡುವುದು ಬೇಡವೇ ಬೇಡ. ಈಗ ಚಿತ್ರಾನ್ನ, ಪುಳಿಯೋಗರೆಯ ಆರ್ಡರ್ ಬಂದರೆ ಬಾಳೆ ಎಲೆಯನ್ನು ಒಲೆಯ ಮೇಲೆ ಹಿಡಿದು ಬಾಡಿಸಿ, ಡಬ್ಬಿಯೊಳಗೆ ತಳಕ್ಕೂ ಬದಿಗೂ ಹಾಸಿ, ಅನ್ನ ತುಂಬಿ, ಎಲೆಯ ತುದಿಯನ್ನು ಮೇಲೆ ಮಡಚುತ್ತೇನೆ. ಅದು ನನ್ನ ಕಲಾಯಿ. ಆವತ್ತಿನಿಂದ ಒಂದು ಚುಕ್ಕೆಯನ್ನೂ ನೋಡಿಲ್ಲ. ಎಲೆಯ ಪರಿಮಳ ಬೇರೆ ಸೇರುತ್ತದೆ.

ಇನ್ನು ಪುಡಿಗಳ ವಿಷಯ. ಮಲೆನಾಡಿನ ಮಳೆಗಾಲ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ, ಆಷಾಢದಲ್ಲಿ ಡಬ್ಬಿಯೊಳಗಿನ ಉಪ್ಪೂ ನೀರೊಡೆಯುತ್ತದೆ. ಮೊದಲ ವರ್ಷ ಸಾಂಬಾರ್ ಪುಡಿಯನ್ನು ಸಾದಾ ಪಾಲಿಥಿನ್ ಕವರಿಗೆ ಹಾಕಿದ್ದೆ. ಪುಡಿ ಗಂಟು ಕಟ್ಟಿತು, ಕೊತ್ತಂಬರಿಯ ಘಮ ಹೋಯಿತು. ಮರುವರ್ಷ ಬೆಳ್ಳಿಯ ಹಾಗೆ ಹೊಳೆಯುವ ಪೌಚ್ ತಂದೆ. ಅಲ್ಯೂಮಿನಿಯಂ ಅಂದುಕೊಂಡೇ ತಂದದ್ದು. ಮೊದಲಿಗಿಂತ ಎಷ್ಟೋ ವಾಸಿ, ಆದರೆ ನಾಲ್ಕನೇ ತಿಂಗಳಿಗೆ ಘಮ ಮತ್ತೆ ಇಳಿಯಿತು. ಆಮೇಲೆ ತಿಳಿಯಿತು, ಅದು ಫಾಯಿಲ್ ಅಲ್ಲ, ಮೆಟಲೈಸ್ಡ್ ಫಿಲ್ಮ್. ಪ್ಲಾಸ್ಟಿಕ್ ಹಾಳೆಯ ಮೇಲೆ ಅಲ್ಯೂಮಿನಿಯಂ ಆವಿಯನ್ನು ಕೂರಿಸಿರುತ್ತಾರೆ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ; ಆ ಪದರ ಒಂದು ಮೈಕ್ರಾನಿನ ಸಣ್ಣದೊಂದು ಪಾಲು ಮಾತ್ರ. ನಿಜವಾದ ಫಾಯಿಲ್ ಪೌಚಿನಲ್ಲಿ ಸಾಮಾನ್ಯವಾಗಿ 7ರಿಂದ 9 ಮೈಕ್ರಾನ್ ದಪ್ಪದ ಹಾಳೆಯೇ ಇರುತ್ತದೆ.

ಅಂಗಡಿಯಲ್ಲಿ ಇವೆರಡನ್ನೂ ಗುರುತಿಸಲು ಯಂತ್ರ ಬೇಕಿಲ್ಲ. ಪೌಚನ್ನು ಮುಷ್ಟಿಯಲ್ಲಿ ಹಿಸುಕಿ ಬಿಡಿ. ಸುಕ್ಕು ಹಾಗೇ ಉಳಿದರೆ ಫಾಯಿಲ್, ಚಿಮ್ಮಿ ಬಿಚ್ಚಿಕೊಂಡರೆ ಮೆಟಲೈಸ್ಡ್. ಮೊಬೈಲ್ ಟಾರ್ಚನ್ನು ಪೌಚಿನೊಳಗೆ ಇಟ್ಟು ಕತ್ತಲಲ್ಲಿ ನೋಡಿ. ಮೆಟಲೈಸ್ಡ್ ಆದರೆ ಬೆಳಕು ಮಂಕಾಗಿ ಸೋಸಿ ಬರುತ್ತದೆ, ಫಾಯಿಲ್ ಆದರೆ ಕಗ್ಗತ್ತಲೆ. ಎಲ್ಲದಕ್ಕೂ ಫಾಯಿಲೇ ಬೇಕು ಎಂದು ನಾನು ಹೇಳುವುದಿಲ್ಲ. ತಿಂಗಳೊಳಗೆ ಖರ್ಚಾಗುವ ಚಕ್ಕುಲಿ, ಕೋಡುಬಳೆಗೆ ಮೆಟಲೈಸ್ಡ್ ಸಾಕು, ಬೆಲೆಯೂ ಕಡಿಮೆ. ವರ್ಷವಿಡೀ ಘಮ ಉಳಿಯಬೇಕಾದ ಸಾಂಬಾರ್ ಪುಡಿಗೂ ಎಣ್ಣೆ ಇರುವ ಗೊಜ್ಜಿಗೂ ಫಾಯಿಲ್. ಎಣ್ಣೆ ಕಮಟು ಹಿಡಿಯುವುದು ಗಾಳಿ ಮತ್ತು ಬೆಳಕಿನಿಂದ, ಆ ಎರಡನ್ನೂ ಫಾಯಿಲಿನಷ್ಟು ತಡೆಯುವ ತೆಳು ಹಾಳೆ ನಾನು ಕಂಡಿಲ್ಲ.

ಸೀಲ್ ಹಾಕುವುದೇ ದೊಡ್ಡ ವಿದ್ಯೆ. ಅಲ್ಯೂಮಿನಿಯಂ ಬಿಸಿಯನ್ನು ಬೇಗ ಹರಡಿಬಿಡುತ್ತದೆ. ಪಾಲಿಥಿನ್ ಕವರಿಗೆ ಸರಿಹೋಗುವ ಸಣ್ಣ ಹ್ಯಾಂಡ್ ಸೀಲರಿನ ಬಿಸಿ ಫಾಯಿಲ್ ಪೌಚಿನ ಒಳಪದರಕ್ಕೆ ಸಾಲದೆ, ಹೊರಗಿನಿಂದ ಅಂಟಿದ ಹಾಗೆ ಕಂಡರೂ ಬೆರಳಲ್ಲಿ ಎಳೆದರೆ ಬಿಟ್ಟುಕೊಳ್ಳುತ್ತಿತ್ತು. ಎರಡೂ ಕಡೆಯಿಂದ ಸತತವಾಗಿ ಬಿಸಿ ಕೊಡುವ, ಗೀರು ಗೀರಾಗಿ ಒತ್ತುವ ಸೀಲರ್ ತಂದ ಮೇಲೆ ಸರಿಯಾಯಿತು. ಬಾಯಂಚಿನಲ್ಲಿ ಪುಡಿ ಕೂತಿದ್ದರೆ ಎಂಥ ಸೀಲರೂ ಸೋಲುತ್ತದೆ. ಹಾಗಾಗಿ ಆಲಿಕೆ ಇಟ್ಟು ತುಂಬಿ, ಒಣ ಬಟ್ಟೆಯಲ್ಲಿ ಒಳಬಾಯಿ ಒರೆಸಿ, ಆಮೇಲೆ ಸೀಲ್. ಪ್ರತಿ ದಿನದ ಮೊದಲ ಕೆಲವು ಪೌಚನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ಒತ್ತುತ್ತೇನೆ. ಗುಳ್ಳೆ ಎದ್ದರೆ ಆ ಬಿಸಿಯ ಅಳತೆ ಸರಿಯಿಲ್ಲ ಎಂದರ್ಥ.

ಫಾಯಿಲಿಗೆ ಮಡಿಕೆ ಆಗದು. ಅಷ್ಟು ತೆಳು ಹಾಳೆ ಮತ್ತೆ ಮತ್ತೆ ಮಡಚಿದಲ್ಲಿ ಬಿರುಕು ಬಿಡುತ್ತದೆ, ಕಣ್ಣಿಗೆ ಕಾಣದ ತೂತಾಗುತ್ತದೆ. ಕೊರಿಯರಿನಲ್ಲಿ ಎಸೆದಾಡಿದ ಪೌಚಿನಲ್ಲಿ ಇದನ್ನು ನೋಡಿದ್ದೇನೆ. ಈಗ ರಟ್ಟಿನ ಪೆಟ್ಟಿಗೆಯಲ್ಲಿ ಅಲುಗಾಡದ ಹಾಗೆ ನಿಲ್ಲಿಸಿ ಕಳಿಸುತ್ತೇನೆ.

ಒಂದು ತಪ್ಪನ್ನು ಹೇಳಲೇಬೇಕು. ಒಮ್ಮೆ ಅವಸರದಲ್ಲಿ ಚಟ್ನಿಪುಡಿಯನ್ನು ಪೂರ್ತಿ ಆರುವ ಮೊದಲೇ ಫಾಯಿಲಿಗೆ ತುಂಬಿದೆ. ಕೊಬ್ಬರಿಯಲ್ಲೂ ಸ್ವಲ್ಪ ಪಸೆ ಇತ್ತು. ಮೂರನೇ ವಾರ ಬೆಂಗಳೂರಿನಿಂದ ಫೋನು: ಬೂಸ್ಟು ಬಂದಿದೆ. ಹೊರಗಿನ ತೇವ ಒಳಗೆ ಬಾರದ ಗೋಡೆ, ಒಳಗಿನದನ್ನೂ ಹೊರಗೆ ಬಿಡುವುದಿಲ್ಲ. ಆ ಸಲದ ಅಷ್ಟೂ ಪ್ಯಾಕೆಟನ್ನು ವಾಪಸ್ ತರಿಸಿ ಹಣ ಕೊಟ್ಟೆ. ಈಗ ಹುರಿದ ಸಾಮಾನನ್ನು ಅಗಲ ತಟ್ಟೆಯಲ್ಲಿ ಹರಡಿ ತಣ್ಣಗಾದ ಮೇಲೇ ಪುಡಿ, ಪುಡಿಯನ್ನು ಮತ್ತೆ ಹರಡಿ ತಣ್ಣಗಾದ ಮೇಲೇ ಪೌಚ್.

ಫೋನಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ ಆರೋಗ್ಯದ್ದು. ಅಲ್ಯೂಮಿನಿಯಂನಿಂದ ಮರೆವಿನ ಕಾಯಿಲೆ ಬರುತ್ತದಂತೆ, ಹೌದಾ? ಆಲ್ಝೈಮರ್ ಜೊತೆ ಅದನ್ನು ಜೋಡಿಸುವ ಮಾತು 1960ರ ದಶಕದಿಂದ ಇದೆ, ಕಾರಣ ಅದೇ ಎಂಬುದು ಇಂದಿಗೂ ಸಾಬೀತಾಗಿಲ್ಲ. ನಾವು ನುಂಗಿದ ಅಲ್ಯೂಮಿನಿಯಂನಲ್ಲಿ ರಕ್ತ ಸೇರುವುದು ಶೇಕಡಾ ಒಂದಕ್ಕಿಂತ ಕಡಿಮೆ, ಸೇರಿದ್ದನ್ನು ಆರೋಗ್ಯವಂತರ ಮೂತ್ರಪಿಂಡ ಹೊರಹಾಕುತ್ತದೆ. ಚಹಾ ಎಲೆಯಲ್ಲೂ ಅದು ತಾನಾಗಿಯೇ ಇದೆ, ಹೊಟ್ಟೆಯುರಿಗೆ ಕುಡಿಯುವ ಎಷ್ಟೋ ಬಿಳಿ ಔಷಧಗಳಲ್ಲೂ ಇದೆ. ಹಾಗೆಂದು ಲೆಕ್ಕವಿಲ್ಲದೆ ತಿನ್ನಬಹುದು ಎಂದಲ್ಲ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2008ರಲ್ಲಿ ವಾರಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 1 ಮಿಲಿಗ್ರಾಂ ಎಂಬ ಮಿತಿ ಹಾಕಿತು. 60 ಕಿಲೋ ತೂಗುವವರಿಗೆ ವಾರಕ್ಕೆ 60 ಮಿಲಿಗ್ರಾಂ. ಮೂತ್ರಪಿಂಡದ ತೊಂದರೆ ಇರುವವರ ಮಾತು ಬೇರೆ, ಅವರಲ್ಲಿ ಅದು ದೇಹದಲ್ಲೇ ಉಳಿಯಬಹುದು. ಡಯಾಲಿಸಿಸ್‌ನ ನೀರಿನಲ್ಲಿದ್ದ ಅಲ್ಯೂಮಿನಿಯಂನಿಂದ ರೋಗಿಗಳ ಮಿದುಳಿಗೆ ಹಾನಿಯಾದದ್ದು 1970ರ ದಶಕದಲ್ಲಿ ಗೊತ್ತಾಯಿತು. ಅಂಥವರು ಮನೆಯಲ್ಲಿದ್ದಾರೆ ಎಂದರೆ ಡಾಕ್ಟರನ್ನು ಕೇಳಿ ಎನ್ನುತ್ತೇನೆ, ಬೆಳ್ಳಿ ಡಬ್ಬಿಯಲ್ಲಿ ಹುಳಿ ಅನ್ನ ನಾನೇ ಕಳಿಸುವುದಿಲ್ಲ.

ಆ ಉಪನಯನದ ಯಜಮಾನರಿಗೂ ಇದನ್ನೆಲ್ಲ ಆಮೇಲೆ ಮನೆಗೇ ಹೋಗಿ ಹೇಳಿ ಬಂದೆ: ಒಂದು ತುತ್ತಿನಿಂದ ವಿಷವೇರುವುದಿಲ್ಲ, ಆದರೆ ಅದು ಊಟದಲ್ಲಿ ಇರಬೇಕಾದ್ದಲ್ಲ, ತಪ್ಪು ನನ್ನದು.

ಫಾಯಿಲಿನ ಹೊಳೆಯುವ ಮುಖ ಒಳಗೋ ಹೊರಗೋ? ಎರಡೂ ಒಂದೇ. ಕೊನೆಯ ಸಲ ತೆಳು ಮಾಡುವಾಗ ಎರಡು ಹಾಳೆಗಳನ್ನು ಜೋಡಿಸಿ ರೋಲರಿಗೆ ಕೊಡುತ್ತಾರೆ. ರೋಲರಿಗೆ ತಾಗಿದ ಮುಖ ಹೊಳೆಯುತ್ತದೆ, ಹಾಳೆಗೆ ಹಾಳೆ ತಾಗಿದ ಮುಖ ಮಂಕಾಗುತ್ತದೆ, ಅಷ್ಟೇ. ಮೈಕ್ರೋವೇವಿಗೆ? ಪೌಚೂ ಬೇಡ, ಬೆಳ್ಳಿ ಡಬ್ಬಿಯೂ ಬೇಡ, ಗಾಜಿನ ಅಥವಾ ಪಿಂಗಾಣಿ ಬಟ್ಟಲಿಗೆ ಹಾಕಿಕೊಳ್ಳಿ. ಫಾಯಿಲಿನ ಸುಕ್ಕಿನಲ್ಲಿ ಕಿಡಿ ಹಾರುತ್ತದೆ.

ನನ್ನನ್ನು ಈಗಲೂ ಕಾಡುವುದು ಖಾಲಿಯಾದ ಪೌಚು. ಅಲ್ಯೂಮಿನಿಯಂ ಅನ್ನು ಅದಿರಿನಿಂದ ತೆಗೆಯಲು ಅಪಾರ ವಿದ್ಯುತ್ ಬೇಕು. ಹಳೆಯದನ್ನು ಕರಗಿಸಿ ಮತ್ತೆ ಬಳಸಿದರೆ ಆ ಶಕ್ತಿಯಲ್ಲಿ ಸುಮಾರು ಶೇಕಡಾ 95 ಉಳಿತಾಯವಾಗುತ್ತದೆ. ಅದಕ್ಕೇ ಗುಜರಿಯವರು ಕ್ಯಾನನ್ನು ಕೇಳಿ ಕೇಳಿ ಒಯ್ಯುತ್ತಾರೆ, ತೊಳೆದ ಬೆಳ್ಳಿ ಡಬ್ಬಿಯನ್ನೂ ಚಪ್ಪಟೆ ಮಾಡಿ ಕೊಟ್ಟರೆ ತೆಗೆದುಕೊಳ್ಳುತ್ತಾರೆ. ನನ್ನ ಪೌಚನ್ನು ತೋರಿಸಿದರೆ ತಲೆ ಅಲ್ಲಾಡಿಸುತ್ತಾರೆ. ಅಂಟಿಕೊಂಡ ಪ್ಲಾಸ್ಟಿಕ್ಕಿನಿಂದ ಆ ಲೋಹವನ್ನು ಬಿಡಿಸುವುದು ಅವರ ಕೈಲಾಗದ ಕೆಲಸ. ಗೊಜ್ಜನ್ನು ಕಾಪಾಡುವ ಕಲಾಯಿಯೇ ಇಲ್ಲಿ ತೊಡಕು.

ಅದಕ್ಕೆ ಸಾಗರದ ಗಿರಾಕಿಗಳಿಗೆ ಹೋದ ವರ್ಷದಿಂದ ಪೌಚ್ ಕೊಡುವುದನ್ನೇ ನಿಲ್ಲಿಸಿದೆ. ಮನೆಯಿಂದ ಸ್ಟೀಲ್ ಡಬ್ಬಿ ತಂದವರಿಗೆ ಪುಡಿಯನ್ನು ತೂಗಿ ಹಾಕಿಕೊಡುತ್ತೇನೆ, ಪೌಚಿನ ಬೆಲೆ ಕಳೆದು. ಗೊಜ್ಜಿಗೆ ಗಾಜಿನ ಬಾಟಲಿ ತನ್ನಿ ಎನ್ನುತ್ತೇನೆ. ಮೊದಲು ನಾಲ್ಕೈದು ಮನೆಯವರು ಬರುತ್ತಿದ್ದರು, ಈಗ ಶನಿವಾರ ಬೆಳಿಗ್ಗೆ ಜಗಲಿಯ ಮೇಲೆ ಡಬ್ಬಿಗಳ ಸಾಲೇ ಇರುತ್ತದೆ. ಯಾರದು ಯಾವುದೆಂದು ಗೊತ್ತಾಗಲು ಮುಚ್ಚಳದ ಮೇಲೆ ಹೆಸರು ಬರೆದು ಅಂಟಿಸಿ ತನ್ನಿ.