ಮಂಡ್ಯದ ನೆಲದ ಕಾದಂಬರಿ: ಕರಡಿನಿಂದ ಅಚ್ಚಿನವರೆಗೆ

ಮೊದಲ ಕಾದಂಬರಿಗೆ ಕೈ ಹಾಕುವವರು ಸಾಮಾನ್ಯವಾಗಿ ಊರೂರು ಸುತ್ತಿ, ನಾಲ್ಕಾರು ನೋಟ್‌ಬುಕ್ ತುಂಬಿಸಿಕೊಂಡು, ಆಮೇಲೆ ಬರೆಯಲು ಕೂರುತ್ತಾರೆ. ಇದನ್ನು ತಿರುವುಮುರುವು ಮಾಡಿಕೊಳ್ಳಿ. ಗೊತ್ತಿರುವಷ್ಟರಲ್ಲೇ ಮೊದಲ ಕರಡು ಮುಗಿಸಿ. ಗೊತ್ತಿಲ್ಲದ ಕಡೆ ನಿಲ್ಲಬೇಡಿ, ಅಂಚಿನಲ್ಲಿ ಒಂದು ಗುರುತು ಹಾಕಿ ಮುಂದೆ ಹೋಗಿ. ಬರೆಯುವ ಮುಂಚೆ ಅಲೆದರೆ ಕಂಡಿದ್ದೆಲ್ಲ ಬೇಕು ಅನ್ನಿಸುತ್ತದೆ. ಕಷ್ಟಪಟ್ಟು ತಂದ ವಿವರವನ್ನು ಬಿಡಲು ಮನಸ್ಸು ಬಾರದೆ ಪಾತ್ರಗಳು ಮಾಹಿತಿ ಹೇಳುವವರಾಗಿಬಿಡುತ್ತಾರೆ. ಕರಡು ಮುಗಿದಿದ್ದರೆ ಕಥೆಗೆ ಏನು ಕೊರತೆಯಿದೆ ಎಂದು ಕಥೆಯೇ ತೋರಿಸುತ್ತದೆ. ಆ ಗುರುತುಗಳನ್ನೆಲ್ಲ ಒಂದು ಹಾಳೆಗೆ ಇಳಿಸಿಕೊಂಡರೆ ಅದೇ ನಿಮ್ಮ ಪ್ರವಾಸದ ಪಟ್ಟಿ.

ಪ್ರಶ್ನೆ ಚೂಪಾಗಿರಲಿ. "ಆಲೆಮನೆ ಹೇಗಿರುತ್ತೆ?" ಎಂದು ಕೇಳಿದರೆ ಎಲ್ಲರೂ ಹೇಳುವುದನ್ನೇ ನಿಮಗೂ ಹೇಳುತ್ತಾರೆ. "ಪಾಕ ಹದಕ್ಕೆ ಬಂತು ಅಂತ ತೀರ್ಮಾನ ಮಾಡೋರು ಯಾರು? ಹದ ತಪ್ಪಿದರೆ ನಷ್ಟ ಯಾರ ತಲೆಗೆ?" ಎಂದು ಕೇಳಿ ನೋಡಿ. ಕೊಪ್ಪರಿಗೆಯ ಕಬ್ಬಿನ ಹಾಲಿಗೆ ಸುಣ್ಣ ಎಷ್ಟು ಬಿತ್ತು, ಕೊಳೆ ಎತ್ತಲು ಬೆಂಡೆಯ ಲೋಳೆ ಹಾಕಿದರೋ ಇಲ್ಲವೋ, ತಣ್ಣೀರಿಗೆ ಬಿಟ್ಟ ಪಾಕ ಬೆರಳಿಗೆ ಉಂಡೆಯಾಗಿ ಸಿಕ್ಕಿತೋ ಎಂಬ ಮಾತೆಲ್ಲ ಆಗ ಹೊರಗೆ ಬರುತ್ತದೆ. ಇಳಿಸುವುದು ಸ್ವಲ್ಪ ತಡವಾದರೆ ಬೆಲ್ಲ ಸೀದು ಕಪ್ಪಾಗುತ್ತದೆ, ಬೇಗ ಇಳಿಸಿದರೆ ಅಚ್ಚಿನಲ್ಲಿ ಗಟ್ಟಿಯಾಗುವುದಿಲ್ಲ. ಕಡಿದ ಕಬ್ಬು ದಿನಗಟ್ಟಲೆ ಬಿದ್ದಿದ್ದರೆ ಅದರ ಸಕ್ಕರೆ ಒಡೆದು, ಎಷ್ಟೇ ಕಾಯಿಸಿದರೂ ಬೆಲ್ಲ ಅಂಟಂಟಾಗಿಯೇ ಉಳಿಯುತ್ತದೆ. ನೂರು ಕಿಲೋ ಕಬ್ಬಿಗೆ ಹತ್ತು ಕಿಲೋ ಆಸುಪಾಸು ಬೆಲ್ಲ ಎಂಬ ಲೆಕ್ಕ ಗೊತ್ತಿದ್ದರೆ, ಒಂದು ಕೊಪ್ಪರಿಗೆ ಕೆಟ್ಟಾಗ ಮನೆಯವರ ಮುಖ ಯಾಕೆ ಕಪ್ಪಿಟ್ಟಿತು ಎಂದು ನೀವು ವಿವರಿಸಬೇಕಾಗಿಲ್ಲ.

ಒಂದೇ ಜಾಗಕ್ಕೆ ಎರಡು ಕಾಲದಲ್ಲಿ ಹೋಗಿ. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟ ವಾರದ ಮಂಡ್ಯ ಬೇರೆ, ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಕೊಡುವ ಬೇಸಿಗೆಯ ಮಂಡ್ಯ ಬೇರೆ. ತೂಬಿನ ಹತ್ತಿರದ ಗದ್ದೆಯವನ ಜೊತೆ ಮಾತಾಡಿದ ಮೇಲೆ ನಾಲೆಯ ಕೊನೆ ಭಾಗದವನನ್ನೂ ಹುಡುಕಿ ಮಾತಾಡಿಸಿ, ಇಬ್ಬರ ಸಿಟ್ಟೂ ಬೇರೆ ಬೇರೆ. ಗದ್ದೆಗಳಿಗೆ ನೀರು ಹಂಚುವ ನೀರುಗಂಟಿ ಸಿಕ್ಕಿದರೆ ಅರ್ಧ ದಿನ ಅವರ ಹಿಂದೆಯೇ ನಡೆಯಿರಿ. ರೆಕಾರ್ಡ್ ಮಾಡುವ ಮುಂಚೆ ಕೇಳಿಕೊಳ್ಳಿ, ಬೇಡ ಎಂದರೆ ಫೋನ್ ಜೇಬಿಗಿಡಿ. ಕೇಳಿದ್ದನ್ನು ಅಂದೇ ರಾತ್ರಿ ಬರೆದಿಡಿ. ಎರಡು ದಿನ ಬಿಟ್ಟರೆ ಅವರ ಮಾತು ಹೋಗಿ ನಿಮ್ಮ ಮಾತು ಉಳಿಯುತ್ತದೆ.

ಕಾಗದದ ಕೆಲಸಕ್ಕೆ ಮೈಸೂರಿನಲ್ಲೇ ಬೇಕಾದಷ್ಟಿದೆ. ಮಾನಸಗಂಗೋತ್ರಿಯ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ, ವಿಶ್ವವಿದ್ಯಾನಿಲಯದ ಗ್ರಂಥಾಲಯ, 1891ರಲ್ಲಿ ಶುರುವಾದ ಓರಿಯಂಟಲ್ ರಿಸರ್ಚ್ ಇನ್ಸ್ಟಿಟ್ಯೂಟ್, ರಾಜ್ಯ ಪತ್ರಾಗಾರ ಇಲಾಖೆಯ ವಿಭಾಗೀಯ ಕಚೇರಿ. ಹೋಗುವಾಗ ಗುರುತಿನ ಚೀಟಿ, ವಿಷಯ ತಿಳಿಸುವ ಒಂದು ಪುಟದ ಮನವಿ ಪತ್ರ, ಪೆನ್ಸಿಲ್ ಇರಲಿ. ಜಿಲ್ಲಾ ಗೆಜೆಟಿಯರ್ ಮೊದಲು ಓದಿಕೊಂಡು ಹೋದರೆ ಯಾವ ಕಡತ ಕೇಳಬೇಕೆಂದು ಗೊತ್ತಿರುತ್ತದೆ.

ಕಾಲದ ತಪ್ಪು ಓದುಗರ ನಂಬಿಕೆಯನ್ನು ಒಂದೇ ಏಟಿಗೆ ಮುರಿಯುತ್ತದೆ. ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ, ಅದಕ್ಕೂ ಹಿಂದಿನ ಕಥೆಯಲ್ಲಿ "ಮಂಡ್ಯ ಜಿಲ್ಲೆ" ಬರಕೂಡದು. ನಯಾಪೈಸೆ ಬಂದದ್ದು 1957ರ ಏಪ್ರಿಲ್‌ನಲ್ಲಿ. ಮೈಸೂರು ರಾಜ್ಯ ಕರ್ನಾಟಕವಾದದ್ದು 1973ರ ನವೆಂಬರ್ 1ಕ್ಕೆ. ವಂಶಪಾರಂಪರ್ಯದ ಶಾನುಭೋಗಿಕೆ, ಪಟೇಲಿಕೆಯನ್ನು 1961ರ ಕಾಯ್ದೆ ತೆಗೆದುಹಾಕಿತು. ಊರವರು ಆಮೇಲೂ "ಶಾನುಭೋಗ್ರು" ಎಂದೇ ಕರೆಯಬಹುದು, ಆದರೆ ದಫ್ತರು ಹಿಡಿದವರು ಗ್ರಾಮ ಲೆಕ್ಕಿಗರು. ಉಳುವ ಜಮೀನಿನ ಹಕ್ಕು ಕೇಳಿ ಗೇಣಿದಾರ ಫಾರಂ 7 ತುಂಬುವ ದೃಶ್ಯ ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯ ನಂತರದ್ದಾಗಿರಬೇಕು. 1985ರ ಪಹಣಿ ಕೈಬರಹದ್ದೇ, ಕಂಪ್ಯೂಟರ್ ಪ್ರತಿ ಬರುವುದು ಭೂಮಿ ಯೋಜನೆಯಿಂದೀಚೆಗೆ. ಕನ್ನಂಬಾಡಿ ಕಟ್ಟೆ (ಕೆಆರ್‌ಎಸ್ ಅಣೆಕಟ್ಟು) ತುಂಬಿತು ಎನ್ನುವಾಗ ಅಂಕಿ 124.80 ಅಡಿ. ಇಂಥವನ್ನೆಲ್ಲ ಅಧ್ಯಾಯವಾರು ಒಂದು ಕಾಲಪಟ್ಟಿ ಮಾಡಿ, ಪಾತ್ರಗಳ ವಯಸ್ಸನ್ನೂ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ.

ಆಡುಮಾತಿನ ಬಗ್ಗೆ ಒಂದು ಮಾತು. ಪ್ರತಿ ಪದವನ್ನೂ ಉಚ್ಚಾರದಂತೆ ಬರೆದರೆ ಧಾರವಾಡದವರು ಹತ್ತು ಪುಟಕ್ಕೇ ಸುಸ್ತಾಗುತ್ತಾರೆ. "ಬತ್ತಾವ್ನೆ", "ಮಾಡ್ತಾವ್ಳೆ" ಎಂಬ ಕ್ರಿಯಾಪದದ ತುದಿ, "ಕಣ್ಲಾ", "ಕನವ್ವ" ಎಂಬ ಕರೆ, ಮಾತಿನ ಲಯ, ಇಷ್ಟು ಹಿಡಿದರೆ ಮಂಡ್ಯ ಕೇಳಿಸುತ್ತದೆ. ಯಾವ ಪಾತ್ರ ಎಷ್ಟು ಆಡುತ್ತದೆ ಎಂದು ಮೊದಲೇ ಗೆರೆ ಎಳೆದುಕೊಂಡು ಕೊನೆಯವರೆಗೂ ಪಾಲಿಸಿ.

ಎರಡನೇ ಕರಡಾದ ಮೇಲೆ ಗೆಳೆಯರು ಬೇಕು. ಮೂರು ಜನ ಸಾಕು: ನಿಮ್ಮಂತೆ ಬರೆಯುವವರೊಬ್ಬರು, ಬರೆಯದೆ ಬರೀ ಓದುವವರೊಬ್ಬರು, ಕಥೆಯ ಕಸುಬು ಬಲ್ಲವರೊಬ್ಬರು. ಈ ಮೂರನೆಯವರನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಆದರೆ ಪುಸ್ತಕದ ಮಾನ ಉಳಿಸುವವರು ಅವರೇ. ಓದುವ ಅಭ್ಯಾಸ ಅವರಿಗಿಲ್ಲದಿದ್ದರೆ ಆ ಅಧ್ಯಾಯವನ್ನು ಎದುರು ಕೂತು ನೀವೇ ಓದಿ ಹೇಳಿ. ಒಮ್ಮೆಗೆ ಮೂವತ್ತು ಪುಟ ಕೊಡಿ, ಹದಿನೈದು ದಿನ ಕೊಡಿ. "ಹೇಗಿದೆ?" ಎಂದು ಕೇಳಿದರೆ "ಚೆನ್ನಾಗಿದೆ" ಎನ್ನುವುದು ಬಿಟ್ಟು ಅವರಿಗೆ ಬೇರೆ ದಾರಿಯಿಲ್ಲ. ಎಲ್ಲಿ ಪುಟ ಹಾರಿಸಿದಿರಿ, ಎಲ್ಲಿ ನಂಬಲಾಗಲಿಲ್ಲ, ಯಾರ ಹೆಸರು ಗೊಂದಲವಾಯಿತು ಎಂದು ಕೇಳಿ. ಅವರು ಮಾತಾಡುವಾಗ ಸಮರ್ಥನೆಗೆ ಇಳಿಯದೆ ಬರೆದುಕೊಳ್ಳಿ. ಇಬ್ಬರು ಒಂದೇ ಜಾಗದಲ್ಲಿ ಎಡವಿದ್ದರೆ ಅಲ್ಲಿ ಕೆಲಸ ಬಾಕಿಯಿದೆ; ಒಬ್ಬರೇ ಎಡವಿದ್ದರೆ ತೀರ್ಮಾನ ನಿಮ್ಮದು. ನಿಮ್ಮ ಸರದಿ ಬಂದಾಗ ಅಷ್ಟೇ ಶ್ರದ್ಧೆಯಿಂದ ಅವರ ಹಸ್ತಪ್ರತಿ ಓದಿ. ಸಾಲ ತೀರಿಸದವರ ಬಳಗ ಎರಡನೇ ಪುಸ್ತಕಕ್ಕೆ ಉಳಿಯುವುದಿಲ್ಲ.

ಪ್ರಕಾಶಕರಿಗೆ ಕಳಿಸುವ ಮುಂಚೆ ಅವರು ಈಚೆಗೆ ತಂದ ಕಾದಂಬರಿಗಳನ್ನು ಓದಿ ನೋಡಿ. ವಿಮರ್ಶೆ, ಪಠ್ಯಪುಸ್ತಕ ಮಾತ್ರ ತರುವವರಿಗೆ ಕಳಿಸಿ ಆರು ತಿಂಗಳು ಕಾಯುವುದು ವ್ಯರ್ಥ. ಒಂದು ಪುಟದ ಸಾರಾಂಶ (ಅಂತ್ಯವನ್ನೂ ಹೇಳಿ), ಮೊದಲ ಮೂರು ಅಧ್ಯಾಯ, ಒಟ್ಟು ಪದಗಳ ಲೆಕ್ಕ, ಫೋನ್ ನಂಬರ್, ಇಷ್ಟು ಸಾಕು. ಐವತ್ತು ಸಾವಿರ ಪದ ಡೆಮಿ 1/8 ಅಳತೆಯಲ್ಲಿ ಸುಮಾರು ಇನ್ನೂರು ಪುಟ ಬರುತ್ತದೆ. ಪ್ರಕಾಶಕರು ಖರ್ಚು ಎಣಿಸುವುದು ಅಲ್ಲಿಂದಲೇ.

ಒಪ್ಪಂದ ಬರಹದಲ್ಲೇ ಇರಬೇಕು. ಪರಿಚಯದವರು, ಹಿರಿಯರು, ಹೇಗೆ ಕೇಳುವುದು ಎಂಬ ಸಂಕೋಚ ಬೇಡ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಸಹಿ ಮಾಡಿದ ಬರಹವಿಲ್ಲದೆ ಹಕ್ಕು ವರ್ಗಾವಣೆಯಾಗದು. ಅವಧಿ ನಮೂದಿಸದಿದ್ದರೆ ಐದು ವರ್ಷ, ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರ ಎಂದು ಅರ್ಥ. ಬೇರೆ ಷರತ್ತು ಬರೆದಿರದಿದ್ದರೆ, ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದೇ ಹೋದಾಗ ಅದು ರದ್ದಾಗುತ್ತದೆ. "ಎಲ್ಲ ಹಕ್ಕುಗಳು ಪ್ರಕಾಶಕರವು" ಎಂಬ ಸಾಲು ಕಂಡರೆ ಅಲ್ಲಿಯೇ ನಿಲ್ಲಿ. ಮುದ್ರಣದ ಹಕ್ಕು ಕೊಟ್ಟು, ಅನುವಾದ, ಇ-ಪುಸ್ತಕ, ಆಡಿಯೊ, ಸಿನಿಮಾ ಹಕ್ಕುಗಳನ್ನು ಬೇರೆ ಬೇರೆಯಾಗಿ ಬರೆಸಿ. ಎಷ್ಟು ಪ್ರತಿ ಅಚ್ಚಾಗುತ್ತದೆ, ಗೌರವಧನ ಯಾವಾಗ, ಲೇಖಕರ ಪ್ರತಿ ಎಷ್ಟು ಎಂಬುದೂ ಅದರಲ್ಲಿರಲಿ. ನೀವೇ ದುಡ್ಡು ಹಾಕುವುದಾದರೆ ಕಾಗದ, ಪುಟ, ರಟ್ಟು, ಪ್ರತಿಗಳ ಸಂಖ್ಯೆ ಒಂದೇ ಇಟ್ಟು ಮೂರು ಮುದ್ರಣಾಲಯಗಳಲ್ಲಿ ದರ ಕೇಳಿ. ಐಎಸ್‌ಬಿಎನ್‌ಗೆ ಯಾರಿಗೂ ಹಣ ಕೊಡಬೇಡಿ. ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಏಜೆನ್ಸಿ ಪುಸ್ತಕದ ಈ ಗುರುತು ಸಂಖ್ಯೆಯನ್ನು ಉಚಿತವಾಗಿ ಕೊಡುತ್ತದೆ, ಲೇಖಕರೇ ಅರ್ಜಿ ಹಾಕಬಹುದು.

ಕರಡಚ್ಚು ತಿದ್ದುವಾಗ ಕಣ್ಣು ಎಲ್ಲಿರಬೇಕೆಂದರೆ, ಯೂನಿಕೋಡ್‌ನಲ್ಲಿ ಕೊಟ್ಟ ಫೈಲು ನುಡಿ ತಂತ್ರಾಂಶದ ಫಾಂಟಿಗೆ ಬದಲಾಗುವಾಗ ಅರ್ಕಾವತ್ತು, ಒತ್ತಕ್ಷರ, ಉದ್ಧರಣ ಚಿಹ್ನೆ, ಅಂಕಿಗಳು ಕೆಡುತ್ತವೆ. ಪರದೆಯ ಮೇಲೆ ಇವು ಸಿಕ್ಕುವುದಿಲ್ಲ, ಕಾಗದಕ್ಕೆ ತೆಗೆಸಿ. ಒಂದು ಸುತ್ತು ನೀವು ಓದಿ, ಇನ್ನೊಂದು ಸುತ್ತು ಕಥೆ ಗೊತ್ತಿಲ್ಲದವರಿಂದ ಓದಿಸಿ.

ಅಚ್ಚಾದ ಮೂವತ್ತು ದಿನದೊಳಗೆ ಪ್ರಕಾಶಕರು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಪ್ರತಿ ಕಳಿಸಬೇಕೆಂದು 1954ರ ಕಾಯ್ದೆ ಹೇಳುತ್ತದೆ; ಸ್ವಂತ ಪ್ರಕಾಶನವಾದರೆ ಅದು ನಿಮ್ಮ ಜವಾಬ್ದಾರಿ. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಆಯ್ಕೆಗೆ, ಯುವ ಬರಹಗಾರರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರ ಕೊಡುವ ಪ್ರೋತ್ಸಾಹಧನಕ್ಕೆ ಪ್ರಕಟಣೆ ಹೊರಟಾಗ ವಯಸ್ಸಿನ ಮಿತಿ, ಕೊನೆಯ ದಿನಾಂಕ ನೋಡಿಕೊಳ್ಳಿ. ಚೊಚ್ಚಲ ಕೃತಿಯ ಅರ್ಜಿ ಹಸ್ತಪ್ರತಿಗೆ ಸಂಬಂಧಿಸಿದ್ದರಿಂದ ಅದನ್ನು ಅಚ್ಚಿಗೆ ಕೊಡುವ ಮುಂಚೆಯೇ ವಿಚಾರಿಸಬೇಕು. ಲೇಖಕರ ಪ್ರತಿಗಳು ಬಂದಾಗ ಆಲೆಮನೆಯವರಿಗೆ, ನೀರುಗಂಟಿಗೆ ಒಂದೊಂದು ಎತ್ತಿಡಿ, ಅಂಚೆಗೆ ಹಾಕದೆ ನೀವೇ ಹೋಗಿ ಕೊಡಿ.