‘ಲಾ’ ಹೋಗಿ ‘ಅಪ್ಪ’ ಬರುವ ಜಾಗ: ಧಾರಾವಾಹಿಯಲ್ಲಿ ಸಿಟ್ಟು, ನೋವು ನಟಿಸುವ ಬಗೆ

ಸೀನ್ ಪೇಪರಿನಲ್ಲಿ ಮಾತಿನ ಪಕ್ಕ ‘ಕೋಪದಿಂದ’ ಎಂದು ಬರೆದಿದ್ದರೆ ನಾನು ಮೊದಲು ಆ ಪದವನ್ನು ಪೆನ್ಸಿಲ್ಲಿನಿಂದ ಹೊಡೆದುಹಾಕುತ್ತೇನೆ. ಅದರ ಜಾಗದಲ್ಲಿ ಎರಡು ಪ್ರಶ್ನೆ ಬರೆದುಕೊಳ್ಳುತ್ತೇನೆ: ಯಾರ ಮೇಲೆ? ಏನು ಕಳೆದುಕೊಂಡೆ? ಕೋಪವನ್ನೇ ನೇರವಾಗಿ ನಟಿಸಲು ಹೋದರೆ ಕಣ್ಣು ಅಗಲವಾಗುತ್ತದೆ, ಮೂಗಿನ ಹೊಳ್ಳೆ ಅರಳುತ್ತದೆ, ದನಿ ಏರುತ್ತದೆ, ಅಲ್ಲಿಗೆ ಮುಗಿಯಿತು. ನೋಡುವವರಿಗೆ ಹೆದರಿಕೆಯೂ ಆಗುವುದಿಲ್ಲ, ಅಯ್ಯೋ ಅನ್ನಿಸುವುದೂ ಇಲ್ಲ. ಮನೆಯವರ ನಡುವಿನ ಕತೆಯಲ್ಲಿ ಸಿಟ್ಟಿಗೆ ಮೊದಲು ಒಂದು ಪೆಟ್ಟು ಬಿದ್ದಿರುತ್ತದೆ. ಆ ಪೆಟ್ಟು ಮೊದಲು ಮೈಗೆ ಬರಬೇಕು. ಸಿಟ್ಟು ಅದನ್ನು ಮುಚ್ಚಿಕೊಳ್ಳಲು ಎಳೆದುಕೊಂಡ ಸೆರಗು.

‘ಯಾರ ಮೇಲೆ’ ಎಂಬ ಪ್ರಶ್ನೆ ನನ್ನದಲ್ಲ, ಭರತನದು. ನಾಟ್ಯಶಾಸ್ತ್ರದ 7ನೇ ಅಧ್ಯಾಯ ಕ್ರೋಧವನ್ನು 5 ಬಗೆ ಮಾಡುತ್ತದೆ: ವೈರಿಯ ಮೇಲಿನದು, ಗುರುಹಿರಿಯರ ಮೇಲಿನದು, ಪ್ರೀತಿಪಾತ್ರರ ಮೇಲಿನದು, ಆಳುಗಳ ಮೇಲಿನದು, ಬರೀ ತೋರಿಕೆಯದು. ಹಿರಿಯರ ಮೇಲೆ ಸಿಟ್ಟು ಬಂದಾಗ ದೃಷ್ಟಿ ತುಸು ಕೆಳಗಿರಬೇಕು, ಕಣ್ಣಲ್ಲಿ ನೀರಿರಬೇಕು, ಬೆವರು ಒರೆಸಿಕೊಳ್ಳುತ್ತಿರಬೇಕು, ಕೈಕಾಲಿನ ಆರ್ಭಟವನ್ನು ವಿನಯ ಹಿಡಿದಿಟ್ಟಿರಬೇಕು ಎಂಬ ಮಾತು ಅಲ್ಲಿದೆ. ಅತ್ತೆಯ ಮುಂದೆ ಸೊಸೆ, ಅಪ್ಪನ ಮುಂದೆ ಮಗ, ಅಣ್ಣನ ಮುಂದೆ ತಂಗಿ: ನಮ್ಮ ಧಾರಾವಾಹಿಗಳು ನಿಂತಿರುವುದೇ ಈ ಸಿಟ್ಟಿನ ಮೇಲೆ. ಬಂದು ಹೋಗುವ ಭಾವಗಳು, ಅಂದರೆ 33 ವ್ಯಭಿಚಾರಿ ಭಾವಗಳಲ್ಲಿ ‘ಅಮರ್ಷ’ ಎಂಬುದೂ ಒಂದು. ತನಗಿಂತ ಬಲವುಳ್ಳವರಿಂದ ಅವಮಾನವಾದಾಗ ಹುಟ್ಟುವುದು. ಅದರ ಲಕ್ಷಣ ತಲೆ ಅಲುಗುವುದು, ಬೆವರುವುದು, ಮುಖ ತಗ್ಗಿಸಿ ಯೋಚಿಸುವುದು. ಕೂಗಾಟ ಅಲ್ಲಿಲ್ಲ. ಇನ್ನು 6ನೇ ಅಧ್ಯಾಯ ರೌದ್ರದಿಂದ ಕರುಣ ಹುಟ್ಟುತ್ತದೆ ಎನ್ನುತ್ತದೆ. ಕ್ಯಾಮೆರಾ ಮುಂದೆ ಹಿಡಿಯಬೇಕಾದದ್ದು ಆ ಹುಟ್ಟುವ ಗಳಿಗೆಯನ್ನು.

ಒಂದು ಸೀನನ್ನು ಬಿಡಿಸಿ ತೋರಿಸುತ್ತೇನೆ. ಅಭ್ಯಾಸಕ್ಕೆಂದು ನಾನು ಕಟ್ಟಿಕೊಂಡದ್ದು. ಮಂಡ್ಯದ ಕಡೆಯ ಹಳ್ಳಿ, ಅಕ್ಕ ಹಜಾರದಲ್ಲಿ ಕೂತು ಅವರೆಕಾಳು ಹಿತುಕುತ್ತಿದ್ದಾಳೆ. ಅವಳಿಗೆ ಹೇಳದೆ ಗದ್ದೆ ಮಾರಿದ ತಮ್ಮ ಬರುತ್ತಾನೆ.

“ಗದ್ದೆ ಯವಾರ ಮುಗೀತು ಅಕ್ಕ.”
“ಯಾವ್ ಗದ್ದೆಲಾ?”
“ನಾಲೆ ಪಕ್ಕದ್ದು.”
“ಒಂದ್ ಮಾತು ಕೇಳ್ನಿಲ್ವಲ್ಲಪ್ಪ ನೀನು... ಬುಡು.”

ಇಲ್ಲಿ ಬೈಗುಳವಿಲ್ಲ, ಶಾಪವಿಲ್ಲ. ಆದರೆ ಎರಡನೆಯ ಮಾತಿನಲ್ಲಿದ್ದ ‘ಲಾ’ ನಾಲ್ಕನೆಯ ಮಾತಿನಲ್ಲಿ ಮಾಯವಾಗಿ ಅಲ್ಲಿ ‘ಅಪ್ಪ’ ಬಂದು ಕೂತಿದೆ. ಮಂಡ್ಯದ ಮಾತು ಗೊತ್ತಿಲ್ಲದ ನಟರು ‘ಲಾ’ ಎಂಬುದನ್ನು ಸಿಟ್ಟಿನ ಗುರುತೆಂದು ತಿಳಿದು ಅಲ್ಲೇ ಗುಡುಗುತ್ತಾರೆ. ಅದು ತಪ್ಪು. ಅಲ್ಲಿ ‘ಲಾ’ ಸಲಿಗೆ, ಜೋರು ದನಿ ದಿನನಿತ್ಯದ್ದು. ಸಿಟ್ಟು ಬಂದಾಗ ‘ಲಾ’ ಹೋಗುತ್ತದೆ, ದನಿ ಇಳಿಯುತ್ತದೆ, ಸ್ವಂತ ತಮ್ಮನನ್ನು ಹೊರಗಿನವನ ಹಾಗೆ ‘ಅಪ್ಪ’ ಎಂದು ಕರೆಯುವಂತಾಗುತ್ತದೆ. ಮೈಸೂರು ಪಟ್ಟಣದ ಮನೆಗಳ ಕತೆಯಾದರೆ ಇದೇ ಕೆಲಸವನ್ನು ‘ನೀನು’ ಹೋಗಿ ‘ನೀವು’ ಬರುವುದು ಮಾಡುತ್ತದೆ. ಪೇಪರಿನಲ್ಲಿ ಇಂಥ ಬದಲಾವಣೆ ಇದ್ದರೆ ಅದರ ಸುತ್ತ ವೃತ್ತ ಹಾಕಿ. ಇಲ್ಲದಿದ್ದರೆ ನಿರ್ದೇಶಕರನ್ನು, ಸಂಭಾಷಣೆಕಾರರನ್ನು ಕೇಳಿ ಸೇರಿಸಿಕೊಳ್ಳಿ. ನನ್ನ ಮಟ್ಟಿಗೆ ಹತ್ತು ಸಾಲಿನ ಅಬ್ಬರಕ್ಕಿಂತ ಅದು ಹೆಚ್ಚು ಕೆಲಸ ಮಾಡುತ್ತದೆ.

ಈಗ ಆ ಒಂದೇ ಮಾತು, ಹತ್ತಿರದಿಂದ. ‘ಒಂದ್ ಮಾತು’ ಎನ್ನುವವರೆಗೆ ಉಸಿರು ಎದೆಯ ಮೇಲ್ಭಾಗದಲ್ಲಿ, ಮೂಗಿನಿಂದಲೇ, ಚಿಕ್ಕದಾಗಿ. ‘ಕೇಳ್ನಿಲ್ವಲ್ಲ’ದಲ್ಲಿ ಒತ್ತಕ್ಷರಗಳು ಸಾಲಾಗಿವೆ. ಕನ್ನಡದಲ್ಲಿ ಸಿಟ್ಟು ಒತ್ತಕ್ಷರದ ಮೇಲೆ ಕೂರುತ್ತದೆ, ನೋವು ದೀರ್ಘದ ಮೇಲೆ. ಹಾಗಾಗಿ ಇಲ್ಲಿ ದನಿ ಏರಿಸುವ ಅಗತ್ಯವೇ ಇಲ್ಲ, ಅಕ್ಷರಗಳನ್ನು ಪೂರ್ತಿ ಕಚ್ಚಿ ಆಡಿದರೆ ಸಾಕು. ‘ಪ್ಪ’ಕ್ಕೆ ಬಂದಾಗ ತುಟಿ ಮುಚ್ಚಲೇಬೇಕು. ಆ ಮುಚ್ಚಿದ ತುಟಿಯನ್ನು ಅರ್ಧ ಸೆಕೆಂಡು ಹಾಗೇ ಹಿಡಿಯಿರಿ. ಒತ್ತಿ ಹಿಡಿದ ತುಟಿ ಎಂದರೆ ಸಿಟ್ಟಿನ ಮುಖವೇ. ತುಟಿ ಬಿಟ್ಟಾಗ ಒಳಗೆ ತಡೆದ ಉಸಿರು ಬಾಯಿಯಿಂದ ಹೊರಗೆ ಹೋಗುತ್ತದೆ, ಭುಜ ಒಂದು ಬೆರಳಿನಷ್ಟು ಇಳಿಯುತ್ತದೆ. ‘ನೀನು’ ಆ ಹೊರಹೋಗುವ ಉಸಿರಿನ ಮೇಲೆ ಬರಲಿ. ‘ಬುಡು’ ಹೇಳುವಾಗ ಎದೆಯಲ್ಲಿ ಉಸಿರೇ ಉಳಿದಿರಬಾರದು, ಹೊಸದಾಗಿ ಎಳೆದುಕೊಳ್ಳಲೂ ಬಾರದು. ದನಿ ತಾನಾಗಿ ಬಿರುಕು ಬಿಡುತ್ತದೆ. ಬೇಕೆಂದೇ ದನಿ ನಡುಗಿಸಿದರೆ ಕೇಳುವವರಿಗೆ ತಕ್ಷಣ ತಿಳಿದುಬಿಡುತ್ತದೆ.

ಎಚ್ಚರ ಬೇಕಾದ ಇನ್ನೊಂದು ಜಾಗ ವಾಕ್ಯದ ಕೊನೆ. ನಮ್ಮ ಭಾಷೆಯಲ್ಲಿ ಕ್ರಿಯಾಪದವೂ ‘ಇಲ್ಲ’ವೂ ಕೊನೆಗೇ ಬರುವುದು. ಬಿಕ್ಕುತ್ತಾ ಕೊನೆಯನ್ನು ನುಂಗಿದರೆ ‘ಕೇಳಿದೆ’ಯೋ ‘ಕೇಳಲಿಲ್ಲ’ವೋ ಎಂದು ಮನೆಯಲ್ಲಿ ಕುಕ್ಕರ್ ಸದ್ದಿನ ನಡುವೆ ಟೀವಿ ನೋಡುವವರಿಗೆ ಗೊತ್ತಾಗುವುದಿಲ್ಲ. ಬಿಕ್ಕಳಿಕೆಯನ್ನು ವಾಕ್ಯದ ಮಧ್ಯಕ್ಕೆ ತನ್ನಿ, ಕೊನೆಯ ಪದವನ್ನು ಶುದ್ಧವಾಗಿ ಇಡಿ.

ಅವರೆಕಾಳಿನ ಕೆಲಸವನ್ನು ಸುಮ್ಮನೆ ಇಟ್ಟದ್ದಲ್ಲ. ನೆನೆದ ಕಾಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿದರೆ ಸಿಪ್ಪೆಯಿಂದ ಬೇಳೆ ಚಿಮ್ಮುತ್ತದೆ. ತಮ್ಮ ಬರುವ ಮುಂಚೆ ಎರಡು ಸೆಕೆಂಡಿಗೆ ಒಂದು ಕಾಳು. ‘ಯಾವ್ ಗದ್ದೆಲಾ’ ಕೇಳಿದ ಮೇಲೆ ಅದೇ ವೇಗ, ಆದರೆ ಕಣ್ಣು ಕಾಳಿನ ಮೇಲಿಲ್ಲ. ‘ನಾಲೆ ಪಕ್ಕದ್ದು’ ಎಂದಾಗ ಒಂದು ಕಾಳು ಬೆರಳ ನಡುವೆ ಸಿಕ್ಕಿಕೊಂಡು ನಿಲ್ಲುತ್ತದೆ. ಮಾತು ಮುಗಿದು ‘ಬುಡು’ ಎಂದ ಮೇಲೆ ಆ ಕಾಳನ್ನು ಒತ್ತಬೇಕು. ಕೆಲಸ ಮತ್ತೆ ಶುರುವಾಗುವುದೇ ಆ ಸೀನಿನಲ್ಲಿ ಅತ್ಯಂತ ನೋವಿನ ಸಂಗತಿ. ಕಾಳು ರಾತ್ರಿಯಿಡೀ ನೆನೆದಿರಲಿ. ಸರಿಯಾಗಿ ನೆನೆಯದ ಕಾಳಿನ ಸಿಪ್ಪೆ ಬಿಡುವುದಿಲ್ಲ, ನಟಿಯ ಗಮನವೆಲ್ಲ ಉಗುರಿಗೆ ಹೋಗುತ್ತದೆ. ಅರ್ಧ ಕೆಜಿಯಷ್ಟು ಬೇರೆಯಾಗಿ ತೆಗೆದಿಡಲು ಕಲಾ ವಿಭಾಗದವರಿಗೆ ಹೇಳಿ. ಪ್ರತಿ ಟೇಕಿಗೂ ತಟ್ಟೆಯಲ್ಲಿ ಅಷ್ಟೇ ರಾಶಿ ಇರಬೇಕು, ಇಲ್ಲದಿದ್ದರೆ ಕಂಟಿನ್ಯೂಟಿ, ಅಂದರೆ ಒಂದು ಶಾಟಿಗೂ ಮುಂದಿನದಕ್ಕೂ ಇರುವ ಹೊಂದಿಕೆ, ಕೆಡುತ್ತದೆ. ಅವರೆಯ ಕಾಲವಲ್ಲದಿದ್ದರೆ ಸೊಪ್ಪು ಬಿಡಿಸುವುದು, ಬಟ್ಟೆ ಮಡಿಸುವುದು ಏನಾದರೂ ಆದೀತು. ಕೈಗೊಂದು ಲಯವಿರಬೇಕು, ಆ ಲಯ ನಿಲ್ಲುವ ಜಾಗ ಮೊದಲೇ ಗೊತ್ತಿರಬೇಕು.

ಮುಖದ ವಿಷಯ. ಸಿಟ್ಟಿನಲ್ಲಿ ಹುಬ್ಬು ಕೆಳಗಿಳಿದು ಒಂದಕ್ಕೊಂದು ಹತ್ತಿರ ಬರುತ್ತವೆ, ಕೆಳ ರೆಪ್ಪೆ ಬಿಗಿಯುತ್ತದೆ, ತುಟಿ ತೆಳ್ಳಗಾಗುತ್ತದೆ. ನೋವಿನಲ್ಲಿ ಹುಬ್ಬುಗಳ ಒಳತುದಿ ಮಾತ್ರ ಮೇಲೇಳುತ್ತದೆ, ಗಲ್ಲದ ಚರ್ಮ ಸುಕ್ಕುಗಟ್ಟುತ್ತದೆ. ಅಂದರೆ ಒಂದರಿಂದ ಇನ್ನೊಂದಕ್ಕೆ ಹೋಗುವುದು ಹುಬ್ಬಿನ ಒಳತುದಿಯ ಒಂದಿಷ್ಟು ಚಲನೆ, ಅಷ್ಟೇ. ಆದರೆ ಒಳತುದಿಯನ್ನಷ್ಟೇ ಬೇಕೆಂದಾಗ ಎತ್ತುವುದು ಬಹಳ ಜನರಿಗೆ ಆಗುವುದಿಲ್ಲ. ಕನ್ನಡಿ ಮುಂದೆ ಪ್ರಯತ್ನಿಸಿದರೆ ಇಡೀ ಹಣೆ ಎದ್ದು ಆಶ್ಚರ್ಯದ ಮುಖವಾಗುತ್ತದೆ. ನಾನು ಹುಬ್ಬನ್ನು ಮುಟ್ಟುವುದೇ ಇಲ್ಲ. ಉಸಿರು ಬಿಡುವಾಗ ಒಂದು ನಿರ್ದಿಷ್ಟ ಚಿತ್ರ ನೆನೆಯುತ್ತೇನೆ. ಈ ಸೀನಿಗೆ ಅದು ಗದ್ದೆಯ ಬದುವಿನ ಮೇಲೆ ಅವ್ವ ಬಿಟ್ಟ ಚಪ್ಪಲಿ. ‘ಅವ್ವನ ನೆನಪು’ ಎಂಬ ದೊಡ್ಡ ಮಾತು ಮುಖದ ಮೇಲೆ ಏನನ್ನೂ ತರುವುದಿಲ್ಲ, ಚಪ್ಪಲಿ ತರುತ್ತದೆ. ಸ್ವಂತ ಬದುಕಿನ ಗಾಯವನ್ನು ಇದಕ್ಕೆ ಬಳಸಬೇಡಿ. ದಿನಕ್ಕೊಂದು ಎಪಿಸೋಡಿನ ಲೆಕ್ಕದಲ್ಲಿ ಕೆಲಸ ನಡೆಯುವ ಕಡೆ ಅದು ಬೇಗ ಸವೆದುಹೋಗುತ್ತದೆ, ಮನೆಗೆ ಹೋದ ಮೇಲೂ ಕಾಡುತ್ತದೆ.

ಮೈಸೂರಿನ ರಂಗಭೂಮಿಯಿಂದ ಧಾರಾವಾಹಿಗೆ ಬರುವವರಿಗೆ ಒಂದು ಕಷ್ಟವಿದೆ. 1989ರಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ಶುರುವಾದ ರಂಗಾಯಣದ ವನರಂಗದಂಥ ಬಯಲು ವೇದಿಕೆಯಲ್ಲಿ ದನಿ ಕೊನೆಯ ಸಾಲು ಮುಟ್ಟಬೇಕು, ಭಾವ ಬೆನ್ನಿನಲ್ಲೂ ಕಾಣಬೇಕು. ಸೆಟ್ಟಿನಲ್ಲಿ ಮೈಕು ಗಲ್ಲದಿಂದ ಒಂದು ಗೇಣು ಕೆಳಗೆ ಸೆರಗಿನೊಳಗಿರುತ್ತದೆ, ಕ್ಲೋಸಪ್ಪಿನಲ್ಲಿ ತಲೆ ಎರಡು ಇಂಚು ಸರಿದರೂ ಫೋಕಸ್ ಹೋಗುತ್ತದೆ. ರಂಗದ ಶಕ್ತಿಯನ್ನು ಕಡಿಮೆ ಮಾಡಬೇಡಿ, ಅದು ಹೊರಗೆ ಹೋಗುವ ದಾರಿಯನ್ನು ಚಿಕ್ಕದು ಮಾಡಿ. ಕತ್ತು ಅಲುಗಬಾರದೆಂದಾದರೆ ಫ್ರೇಮಿನ ಹೊರಗಿರುವ ಕಾಲ್ಬೆರಳಿನಿಂದ ನೆಲವನ್ನು ಒತ್ತಿ ಹಿಡಿಯಿರಿ. ಎದುರು ನಟನ ಎರಡೂ ಕಣ್ಣು ನೋಡಲು ಹೋದರೆ ನಿಮ್ಮ ಕಣ್ಣಗುಡ್ಡೆ ಅತ್ತಿತ್ತ ಓಡುವುದು ಕ್ಲೋಸಪ್ಪಿನಲ್ಲಿ ಕಾಣುತ್ತದೆ. ಕ್ಯಾಮೆರಾಗೆ ಹತ್ತಿರವಿರುವ ಒಂದು ಕಣ್ಣನ್ನೇ ನೋಡಿ. ಕೂಗುವ ಮಾತಿದ್ದರೆ ಟೇಕಿಗೆ ಮುಂಚೆಯೇ ಸೌಂಡ್ ರೆಕಾರ್ಡಿಸ್ಟಿಗೆ ಆ ಸಾಲನ್ನು ಅದೇ ಜೋರಿನಲ್ಲಿ ಒಮ್ಮೆ ಕೇಳಿಸಿ, ಅವರು ಲೆವೆಲ್ ಇಳಿಸಿಕೊಳ್ಳುತ್ತಾರೆ. ಎದೆ ಬಡಿದುಕೊಳ್ಳುವುದಾದರೆ ಮೈಕು ಯಾವ ಕಡೆ ಇದೆ ಎಂದು ಕೇಳಿ ಇನ್ನೊಂದು ಕಡೆ ಬಡಿದುಕೊಳ್ಳಿ.

ಶಾಟುಗಳ ಸರದಿಯೂ ಲೆಕ್ಕದಲ್ಲಿರಬೇಕು. ಸಾಮಾನ್ಯವಾಗಿ ಇಡೀ ಸೀನನ್ನು ಒಟ್ಟಿಗೆ ಹಿಡಿಯುವ ಮಾಸ್ಟರ್ ಮೊದಲು, ಆಮೇಲೆ ಎದುರಿನವರ ಹೆಗಲ ಮೇಲಿನಿಂದ ಸಜೆಷನ್, ಕೊನೆಗೆ ಕ್ಲೋಸ್. ಮಾಸ್ಟರಿನಲ್ಲೇ ಪೂರ್ತಿ ಅತ್ತುಬಿಟ್ಟರೆ ಕ್ಲೋಸಿಗೆ ಬರುವಷ್ಟರಲ್ಲಿ ಕಣ್ಣು ಊದಿ, ಮೂಗು ಕಟ್ಟಿ, ಭಾವ ಬತ್ತಿರುತ್ತದೆ. ನಾನು ಮಾಸ್ಟರಿಗೆ ಅರ್ಧ ಕೊಡುತ್ತೇನೆ, ಆದರೆ ಕೈಕೆಲಸ, ಯಾವ ಪದಕ್ಕೆ ತಿರುಗಬೇಕು, ಯಾವ ಪದಕ್ಕೆ ಕೂರಬೇಕು ಎಲ್ಲ ಕ್ಲೋಸಿನಲ್ಲಿ ಮಾಡುವ ಹಾಗೆಯೇ. ತುಂಬಾ ಭಾರವಾದ ಸೀನಾದರೆ ಕ್ಲೋಸನ್ನು ಮೊದಲು ತೆಗೆಯಲು ಕೇಳುತ್ತೇನೆ. ಲೈಟಿಂಗ್ ಅಡ್ಡಿಯಿಲ್ಲದಿದ್ದರೆ ಒಪ್ಪುತ್ತಾರೆ. ಎದುರು ನಟನ ಕ್ಲೋಸ್ ನಡೆಯುವಾಗ ಕ್ಯಾಮೆರಾ ಪಕ್ಕ ನಿಂತು ನಿಮ್ಮ ಮಾತನ್ನು ನಿಜವಾಗಿ ಕೊಡಿ. ಪ್ರಾಂಪ್ಟ್ ಮಾಡುವ ಸಹಾಯಕ ಓದುವ ಚಪ್ಪಟೆ ಸಾಲಿಗೆ ಯಾರಿಗೂ ನೋವಾಗುವುದಿಲ್ಲ.

ಮಾತಿಲ್ಲದ ರಿಯಾಕ್ಷನ್ ಶಾಟಿಗೆ ನಿರ್ದೇಶಕರು ‘ಹೋಲ್ಡ್’ ಎನ್ನುತ್ತಾರೆ. ಆ ಐದಾರು ಸೆಕೆಂಡು ಒಂದೇ ಮುಖ ಹಿಡಿದರೆ ಅದು ಮುಖವಾಡವಾಗುತ್ತದೆ. ನಾನು ಮೂರು ಸಣ್ಣ ಯೋಚನೆ ಸಾಲಾಗಿ ಇಟ್ಟುಕೊಳ್ಳುತ್ತೇನೆ: ‘ಸುಳ್ಳಿರಬೇಕು.’ ‘ಇಲ್ಲ, ನಿಜ.’ ‘ಊರಿಗೆಲ್ಲ ಗೊತ್ತಿತ್ತೇನೋ.’ ಪ್ರತಿಯೊಂದಕ್ಕೂ ಎರಡು ಸೆಕೆಂಡು. ಮೂರನೆಯದರಲ್ಲಿ ಮಾತ್ರ ಒಮ್ಮೆ ಕಣ್ಣು ಮಿಟುಕಿಸುವುದು.

ಕಣ್ಣೀರು ತಾನಾಗಿ ಬರದಿದ್ದರೆ ಗ್ಲಿಸರಿನ್ ತಪ್ಪೇನಲ್ಲ. ಇಯರ್ ಬಡ್ಡಿನ ತುದಿಗೆ ಒಂದು ಹನಿ ತಾಗಿಸಿ ಕೆಳ ರೆಪ್ಪೆಯ ಕೆಳಗೆ, ಹೊರಮೂಲೆಯ ಕಡೆ ತೆಳ್ಳಗೆ ಸವರಿದರೆ ಸಾಕು, ಕಣ್ಣಿನೊಳಗೆ ಬೇಡ. ಕಾಂಟ್ಯಾಕ್ಟ್ ಲೆನ್ಸ್ ಹಾಕಿದ್ದರೆ ಮುಟ್ಟಲೇಬೇಡಿ. ಹೆಚ್ಚಾದರೆ ಉರಿಗೆ ಕಣ್ಣು ಕಿರಿದಾಗಿ, ರೆಪ್ಪೆ ಪಟಪಟ ಬಡಿಯುತ್ತದೆ, ನೋವಿನ ಬದಲು ಉರಿ ಕಾಣಿಸುತ್ತದೆ. ಹನಿ ಕಾಣಬೇಕಾದರೆ ಬೆಳಕು ಬೀಳುವ ಕೆನ್ನೆಯ ಮೇಲೆ ಇಳಿಯಬೇಕು, ಆದ್ದರಿಂದ ಮುಖ್ಯ ಬೆಳಕಾದ ಕೀ ಲೈಟ್ ಯಾವ ಕಡೆ ಎಂದು ನೋಡಿಕೊಂಡು ಮುಖವನ್ನು ಆ ಕಡೆಗೆ ತುಸು ವಾಲಿಸಿ. ಮುಗಿದ ತಕ್ಷಣ ತಣ್ಣೀರಿನಲ್ಲಿ ತೊಳೆಯಿರಿ. ಸಿಟ್ಟು ನೋವಿಗೆ ತಿರುಗುವ ಸೀನಿನಲ್ಲಿ ನೀರು ಕಣ್ಣಂಚಿನಲ್ಲಿ ನಿಂತಿದ್ದರೆ ಸಾಕು, ಇಳಿಯಲೇಬೇಕೆಂದಿಲ್ಲ.

ಗಂಟಲಿಗೆ ಪೆಟ್ಟಾಗುವುದು ಸ್ವರದಿಂದ ಶುರುವಾಗುವ ಪದವನ್ನು ಒಮ್ಮೆಲೇ ಕೂಗಿದಾಗ. ಮಂಡ್ಯದ ಮಾತಿನಲ್ಲಿ ‘ಹೋಗು’ ಎಂಬುದು ‘ಓಗು’, ‘ಹೇಳು’ ಎಂಬುದು ‘ಏಳು’. ‘ಹ’ಕಾರದ ಗಾಳಿ ಇಲ್ಲದ್ದರಿಂದ ದನಿತಂತುಗಳು ಒಂದಕ್ಕೊಂದು ಅಪ್ಪಳಿಸುತ್ತವೆ. ಪದಕ್ಕೆ ಮುಂಚೆ ಕೇಳಿಸದಷ್ಟು ಗಾಳಿ ಬಿಟ್ಟು ಆಮೇಲೆ ದನಿ ತನ್ನಿ. ಸ್ಥಾಯಿ ಏರಿಸಿ ಕಿರುಚುವ ಬದಲು ಹೊಟ್ಟೆಯಿಂದ ತಗ್ಗಿನ ದನಿ ತೆಗೆಯಿರಿ. ಟೇಕಿನ ನಡುವೆ ಉಗುರುಬೆಚ್ಚಗಿನ ನೀರು ಗುಟುಕರಿಸಿ, ಕೆಮ್ಮಿ ಗಂಟಲು ಸರಿಮಾಡಿಕೊಳ್ಳಬೇಡಿ.

ಕಪಾಳಕ್ಕೆ ಹೊಡೆಯುವ ಶಾಟಿನಲ್ಲಿ ಕೈ ಮುಖದಿಂದ ಒಂದು ಗೇಣು ದೂರದಲ್ಲೇ ಹಾದುಹೋಗಬೇಕು, ಕ್ಯಾಮೆರಾ ಏಟು ತಿನ್ನುವವರ ಬೆನ್ನ ಹಿಂದೆ ಇರಬೇಕು. ಸದ್ದನ್ನು ಆಮೇಲೆ ಸೇರಿಸುತ್ತಾರೆ. ‘ನಿಜವಾಗಿ ಹೊಡೆದರೇ ಚೆನ್ನಾಗಿ ಬರುತ್ತೆ’ ಎಂದು ಯಾರೇ ಹೇಳಿದರೂ ಒಪ್ಪಬೇಡಿ. ರಟ್ಟೆ ಹಿಡಿದು ಎಳೆಯುವ ಸೀನುಗಳಲ್ಲಿ ಗಾಜಿನ ಬಳೆ ತೆಗೆದು ಅದೇ ಬಣ್ಣದ ಲೋಹದ್ದು ಹಾಕಿಸಿಕೊಳ್ಳಿ. ಗಾಜು ಒಡೆದರೆ ಮಣಿಕಟ್ಟು ಸೀಳುತ್ತದೆ. ಎಳೆಸಿಕೊಳ್ಳುವವರೇ ಚಲನೆ ನಡೆಸಬೇಕು, ಎಳೆಯುವವರು ಸುಮ್ಮನೆ ಹಿಂಬಾಲಿಸಬೇಕು.

ಇಷ್ಟೂ ಒಂದು ಸೀನಿನ ಮಾತು. ಧಾರಾವಾಹಿಯಲ್ಲಿ ಅದೇ ಸಿಟ್ಟು ತಿಂಗಳುಗಟ್ಟಲೆ ನಡೆಯುತ್ತದೆ, ಅದೂ ಕತೆಯ ಸರದಿಯಲ್ಲಿ ಚಿತ್ರೀಕರಣವಾಗುವುದಿಲ್ಲ. ಅದಕ್ಕೆ ಒಂದು 100 ಹಾಳೆಯ ನೋಟ್‌ಬುಕ್ ಇಟ್ಟಿದ್ದೇನೆ. ಪ್ರತಿ ಸೀನಿಗೂ ಮೂರು ಅಂಕಣ: ಸಿಟ್ಟು ಹತ್ತಕ್ಕೆ ಎಷ್ಟು, ನೋವು ಹತ್ತಕ್ಕೆ ಎಷ್ಟು, ಎದುರಿನವರನ್ನು ಏನೆಂದು ಕರೆದೆ. ಗದ್ದೆಯ ಸೀನಿನಲ್ಲಿ ಸಿಟ್ಟು 4, ನೋವು 8, ‘ಅಪ್ಪ’. ಮುಂದೆ ಸಿಟ್ಟು 7, 8ಕ್ಕೆ ಏರಬಹುದು, ಆದರೆ ಮೊದಲ ವಾರವೇ 10 ಬರೆದರೆ ಆಮೇಲೆ ಹೋಗಲು ಜಾಗವಿಲ್ಲ. ಮೂರನೇ ಅಂಕಣ ಎಲ್ಲಕ್ಕಿಂತ ಮುಖ್ಯ. ಎಷ್ಟೋ ಎಪಿಸೋಡು ‘ಅಪ್ಪ’ ಎಂದೇ ಕರೆದವಳು ಯಾವ ಸೀನಿನಲ್ಲಿ ಮತ್ತೆ ‘ಯಾಕ್ಲಾ, ಊಟ ಮಾಡ್ನಿಲ್ವಾ’ ಎನ್ನುತ್ತಾಳೆ ಎಂಬುದನ್ನು ನಿರ್ದೇಶಕರನ್ನು ಮೊದಲೇ ಕೇಳಿ, ಆ ಹಾಳೆಗೆ ಕಿವಿ ಮಡಚಿಟ್ಟುಕೊಳ್ಳುತ್ತೇನೆ.